ಹೈಫಾ ಬಿಡಿ, ಪಿಂಚಣಿ ಕಾಗದ ಹುಡುಕಿ

ಪ್ರಿಯ ಗೆಳೆಯರೇ,

ನಿಮ್ಮ ‘ಹೈಫಾದ ಹುಲಿ ನನ್ನ ಮುತ್ತಜ್ಜ’ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಒಳಗೆ ಒಳ್ಳೆಯ ಬರಹವೊಂದಿದೆ, ಅದನ್ನು ನೀವೇ ಮುಚ್ಚಿಹಾಕಿದ್ದೀರಿ. ಅದಕ್ಕೇ ಇಷ್ಟುದ್ದ ಉತ್ತರ.

ಲೇಖನದ ಅರ್ಧಭಾಗ 1918ರ ಸೆಪ್ಟೆಂಬರ್ 23ರ ಹೈಫಾ ಕಾಳಗ, ಅಂದರೆ ಮೊದಲ ಮಹಾಯುದ್ಧದಲ್ಲಿ ಈಗಿನ ಇಸ್ರೇಲಿನ ಹೈಫಾ ಊರಲ್ಲಿ ಬ್ರಿಟಿಷರ ಕಡೆಯ ಭಾರತೀಯ ಸವಾರರು ತುರ್ಕರ ಮೇಲೆ ನಡೆಸಿದ್ದು. ಜೋಧಪುರದ ಸವಾರರು ನುಗ್ಗಿದ್ದು, ಮೇಜರ್ ದಲ್ಪತ್ ಸಿಂಗ್ ಬಿದ್ದದ್ದು, ಮೈಸೂರಿನವರು ಕಾರ್ಮೆಲ್ ಬೆಟ್ಟದ ಫಿರಂಗಿಗಳ ಮೇಲೆ ಏರಿ ಹೋದದ್ದು, ಅದರ ನೆನಪಿನ ದೆಹಲಿಯ ತೀನ್ ಮೂರ್ತಿ ಸ್ಮಾರಕ. ಎಲ್ಲ ಸರಿಯೇ. ಅವೆಲ್ಲ ಬೇಕಾದಷ್ಟು ಕಡೆ ಸಿಗುತ್ತವೆ. ಸಿಗದವರು ನಿಮ್ಮ ಮುತ್ತಜ್ಜ. ‘ಅವರ ಕಣ್ಣಲ್ಲಿ ಬೆಂಕಿ, ಕೈಯಲ್ಲಿ ಮಿಂಚುವ ಈಟಿ’ ಅಂತ ಬರೆದಿದ್ದೀರಿ. ನೋಡಿದವರು ಯಾರು? ಅವರು ಆ ದಿನ ಅಲ್ಲಿದ್ದರು ಅನ್ನುವುದಕ್ಕೆ ಇಡೀ ಲೇಖನದಲ್ಲಿ ಇರುವ ಆಧಾರ ನಿಮ್ಮ ದೊಡ್ಡಮ್ಮನ ಮಾತೊಂದೇ. ದೊಡ್ಡಮ್ಮ ಹೇಳಿದ್ದಾದರೂ ‘ಹಡಗು ಹತ್ತಿ ಹೋದ್ರಂತೆ, ತುರ್ಕರ ಮೇಲೆ ಯುದ್ಧ ಮಾಡಿದ್ರಂತೆ’ ಅಂತ ಅಷ್ಟೇ. ಹೈಫಾ ಸೇರಿಸಿದವರು ನೀವು. ತುರ್ಕರ ಮೇಲೆ ಯುದ್ಧ ಸೂಯೆಜ್ ಕಾಲುವೆಯ ಹತ್ತಿರವೂ ಆಯಿತು, ಗಾಜಾದಲ್ಲೂ ಆಯಿತು, ಮೆಸೊಪೊಟೇಮಿಯಾದಲ್ಲೂ ಆಯಿತು.

ಇನ್ನೊಂದು ತೊಡಕು. ಎರಡನೇ ಪುಟದಲ್ಲಿ ಮುತ್ತಜ್ಜ ಮೈಸೂರು ಲ್ಯಾನ್ಸರ್ಸ್ ಕುದುರೆ ಸವಾರ. ಐದನೇ ಪುಟಕ್ಕೆ ಬರುವಷ್ಟರಲ್ಲಿ ಹಲಸೂರಿನ ಲೈನ್‌ಮನೆಯಲ್ಲಿದ್ದುಕೊಂಡು ಸೇತುವೆ ಕಟ್ಟುವ ಪಡೆಯಲ್ಲಿದ್ದಾರೆ. ಸೇತುವೆ ಕಟ್ಟುತ್ತಿದ್ದವರು ಮದ್ರಾಸ್ ಸ್ಯಾಪರ್ಸ್. ಇವೆರಡೂ ಬೇರೆ ಬೇರೆ ಸರ್ಕಾರದ ಪಡೆಗಳು. ಆಗಿನ ಬೆಂಗಳೂರಿನಲ್ಲಿ ಪೇಟೆ ಮೈಸೂರು ಅರಸರದು, ದಂಡು (ಕಂಟೋನ್ಮೆಂಟ್) ಬ್ರಿಟಿಷರದು. ಲ್ಯಾನ್ಸರ್ಸ್ ನಾಲ್ವಡಿ ಕೃಷ್ಣರಾಜ ಒಡೆಯರ ಸೈನ್ಯ, ಸ್ಯಾಪರ್ಸ್ ದಂಡಿನ ಸೈನ್ಯ. ಸಂಬಳದ ಪುಸ್ತಕ ಬೇರೆ, ಪಿಂಚಣಿಯ ಪುಸ್ತಕ ಬೇರೆ. ನಿಮ್ಮ ಮುತ್ತಜ್ಜ ಯಾವ ಪುಸ್ತಕದಲ್ಲಿದ್ದರು? ಇದು ಗೊತ್ತಾಗದೆ ಒಂದು ಸಾಲೂ ಮುಂದೆ ಹೋಗುವ ಹಾಗಿಲ್ಲ.

ನಿಮ್ಮ ಆಫೀಸಿನ ಅಮೆರಿಕದ ಸಹೋದ್ಯೋಗಿ ವಿಡಿಯೋ ಕಾಲ್‌ನಲ್ಲಿ ತನ್ನ ಪೂರ್ವಜನ ಅಂತರ್ಯುದ್ಧದ ಕಾಗದಗಳನ್ನು ತೋರಿಸಿದ, ಅದರಿಂದ ಸ್ಫೂರ್ತಿ ಬಂತು ಅಂತ ಎರಡು ಸಾಲು ಬರೆದು ದಾಟಿಬಿಟ್ಟಿದ್ದೀರಿ. ಅಲ್ಲೇ ನಿಲ್ಲಬೇಕಿತ್ತು. ಅವರು ಹೇಗೆ ಹುಡುಕುತ್ತಾರೆ ಅಂತ ಆತನನ್ನು ಕೇಳಿದ್ದರೆ ನಿಮ್ಮ ದಾರಿಯೂ ತಿಳಿಯುತ್ತಿತ್ತು. 1861ರಿಂದ 65ರವರೆಗೆ ಉತ್ತರದ, ದಕ್ಷಿಣದ ರಾಜ್ಯಗಳ ನಡುವೆ ನಡೆದ ಆ ಯುದ್ಧದ ಸೈನಿಕರದು 63 ಲಕ್ಷ ಹೆಸರಿನ ಪಟ್ಟಿ ಅಲ್ಲಿ ಆನ್‌ಲೈನ್‌ನಲ್ಲೇ ಇದೆ. ಆದರೆ ಆ ಪಟ್ಟಿಯಲ್ಲಿ ಸಿಗುವುದು ಹೆಸರು, ದರ್ಜೆ, ಪಡೆ ಅಷ್ಟೇ. ಮನುಷ್ಯ ಸಿಗುವುದು ವಾಷಿಂಗ್ಟನ್ನಿನ ರಾಷ್ಟ್ರೀಯ ಪತ್ರಾಗಾರದ ಪಿಂಚಣಿ ಕಡತದಲ್ಲಿ. ಗುಂಡು ಎಲ್ಲಿ ತಗುಲಿತು, ಮುದಿತನದಲ್ಲಿ ಯಾವ ಕೆಲಸ ಮಾಡಲು ಆಗುತ್ತಿರಲಿಲ್ಲ ಅಂತ ವೈದ್ಯರು ಬರೆದಿರುತ್ತಾರೆ. ಅಕ್ಕಪಕ್ಕದವರು ಸಾಕ್ಷಿ ಹೇಳಿರುತ್ತಾರೆ. ವಿಧವೆ ತನ್ನ ಮದುವೆ ನಿಜ ಅಂತ ತೋರಿಸಬೇಕು. ಅದಕ್ಕೆ ಮನೆಯ ಬೈಬಲ್‌ನಲ್ಲಿ ಹುಟ್ಟು, ಮದುವೆ ಬರೆದಿಟ್ಟ ಹಾಳೆಯನ್ನೇ ಕೆಲವರು ಹರಿದು ಕಳಿಸಿದ್ದಾರೆ.

ಅಲ್ಲೂ ಹಣ ಕೊಟ್ಟವರು ಯಾರು ಅನ್ನುವುದೇ ಮುಖ್ಯ. ಉತ್ತರದ ಪಡೆಯವರಿಗೆ ಕೇಂದ್ರ ಸರ್ಕಾರ ಕೊಟ್ಟಿತು. ದಕ್ಷಿಣದವರಿಗೆ ಬಹುಕಾಲ ಕೊಡಲಿಲ್ಲ, ಅವರಿಗೆ ಕೊಟ್ಟದ್ದು ಆಯಾ ರಾಜ್ಯಗಳು. ಹಾಗಾಗಿ ದಕ್ಷಿಣದ ಸೈನಿಕನನ್ನು ಹುಡುಕುವವರು ಆತ ಕೊನೆಗಾಲದಲ್ಲಿ ಯಾವ ರಾಜ್ಯದಲ್ಲಿದ್ದ ಅಂತ ಮೊದಲು ತಿಳಿದುಕೊಳ್ಳಬೇಕು. ಮೋಸ್ ಟ್ರಿಪ್ಲೆಟ್ ಅಂತ ಒಬ್ಬರು ಮೊದಲು ದಕ್ಷಿಣದ ಪಡೆಯಲ್ಲಿದ್ದು ಆಮೇಲೆ ಉತ್ತರದ ಕಡೆ ಸೇರಿದರು. ಅವರ ಮಗಳು ಐರೀನ್ 2020ರಲ್ಲಿ ತೀರಿಕೊಳ್ಳುವವರೆಗೂ ತಿಂಗಳಿಗೆ 73 ಡಾಲರ್ 13 ಸೆಂಟ್ ಪಿಂಚಣಿ ಪಡೆಯುತ್ತಿದ್ದರು! ಯುದ್ಧ ಮುಗಿದು 155 ವರ್ಷ ಆಗಿತ್ತು. ಅಪ್ಪ ಉತ್ತರದ ಪಡೆಯಲ್ಲಿ ಮಾಡಿದ ಸೇವೆಗೆ ಸಿಕ್ಕ ಪಿಂಚಣಿ ಅದು.

ಇನ್ನು ನಿಮ್ಮ ದೂರು. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯಲ್ಲಿ ಮುತ್ತಜ್ಜನ ಹೆಸರಿಲ್ಲ, ಜೆ.ಸಿ. ನಗರದ ಮೈಸೂರು ಲ್ಯಾನ್ಸರ್ಸ್ ಸ್ಮಾರಕದಲ್ಲೂ ಇಲ್ಲ, ‘ಇತಿಹಾಸ ಅವರನ್ನು ಮರೆಯಿತು’ ಅಂತ. ಸ್ವಾಮಿ, ಅವು ಸತ್ತವರ ಪಟ್ಟಿ. 1923ರಲ್ಲಿ ನಿಮ್ಮ ಅಜ್ಜ ಹುಟ್ಟಿದರು ಅಂತ ಮೊದಲನೇ ಪುಟದಲ್ಲಿ ನೀವೇ ಬರೆದಿದ್ದೀರಿ. ಆಯೋಗದ ಮೊದಲ ಮಹಾಯುದ್ಧದ ಲೆಕ್ಕ 1921ರ ಆಗಸ್ಟ್‌ಗೇ ಮುಗಿಯುತ್ತದೆ. ಬದುಕಿ ಬಂದವರ ಹೆಸರು ಅಲ್ಲಿ ಯಾಕಿರುತ್ತದೆ? ಆ ಪ್ಯಾರಾ ಪೂರ್ತಿ ತೆಗೆಯಿರಿ. ‘ನಮ್ಮ ದೇಶದಲ್ಲಿ ದಾಖಲೆಯೇ ಇಲ್ಲ’ ಅನ್ನುವ ಸಾಲನ್ನೂ ತೆಗೆಯಿರಿ. ಆಗಿನ ಪಂಜಾಬಿನ ಸುಮಾರು 3.2 ಲಕ್ಷ ಸೈನಿಕರ ವಿವರ ಇರುವ ಪುಸ್ತಕಗಳು ಲಾಹೋರ್ ವಸ್ತುಸಂಗ್ರಹಾಲಯದಲ್ಲಿ ಸುಮ್ನೆ ಬಿದ್ದಿದ್ದವು. 2021ರಿಂದ ಅವು ಆನ್‌ಲೈನ್‌ಗೆ ಬರುತ್ತಿವೆ. ಸುಲಭಕ್ಕೆ ಸಿಗದಿರುವುದು ಬೇರೆ, ಇಲ್ಲದಿರುವುದು ಬೇರೆ ಅಲ್ವಾ?

ಈಗ ನೀವು ಮುಚ್ಚಿಟ್ಟ ವಿಷಯಕ್ಕೆ ಬರುತ್ತೇನೆ. ‘ಅಜ್ಜಿಯ ಟ್ರಂಕಿನಲ್ಲಿ ಒಂದು ಬೆಳ್ಳಿ ಪದಕ ಇತ್ತು, ಅಂಚಿನಲ್ಲಿ ಏನೋ ಇಂಗ್ಲಿಷ್ ಅಕ್ಷರ, ಸವೆದಿತ್ತು.’ ಇಷ್ಟೇನಾ? ಆ ಯುದ್ಧದ ಬ್ರಿಟಿಷ್ ಪದಕಗಳ ಅಂಚಿನ ಮೇಲೆ ಸೈನಿಕನ ನಂಬರು, ದರ್ಜೆ, ಹೆಸರು, ಪಡೆ ಒತ್ತಿರುತ್ತಾರೆ. ದರ್ಜೆ ಒಂದನ್ನು ಓದಿದರೂ ಸಾಕು. ಸವಾರ್ ಅಂತಲೋ ದಫೇದಾರ್ ಅಂತಲೋ ಇದ್ದರೆ ಕುದುರೆ ಪಡೆ. ಸ್ಯಾಪರ್ ಅಂತ ಇದ್ದರೆ ಹಲಸೂರಿನ ಕಥೆಯೇ ನಿಜ. ಡ್ರೈವರ್ ಅಂತ ಇದ್ದರೆ ಸಾಗಣೆಯ ಕೆಲಸವೂ ಇರಬಹುದು. ಪದಕವನ್ನು ಕಿಟಕಿ ಹತ್ತಿರ ಹಿಡಿದು, ಓರೆಯಾಗಿ ಟಾರ್ಚ್ ಬಿಟ್ಟು ಫೋಟೋ ತೆಗೆಯಿರಿ. ದಯವಿಟ್ಟು ಹುಣಸೆಹಣ್ಣು ಹಾಕಿ ಉಜ್ಜಬೇಡಿ, ಉಳಿದ ಅಕ್ಷರವೂ ಹೋಗುತ್ತದೆ.

ಮೈಸೂರು ಪಡೆ ಅಂತ ಗೊತ್ತಾದರೆ ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರಕ್ಕೆ ಹೋಗಿ, ಹಳೇ ಮೈಸೂರು ಸರ್ಕಾರದ ಮಿಲಿಟರಿ ಕಡತಗಳನ್ನು ಕೇಳಿ. ಸ್ಯಾಪರ್ಸ್ ಆದರೆ ಹಲಸೂರು ಕೆರೆ ಬಳಿಯ ಮದ್ರಾಸ್ ಎಂಜಿನಿಯರ್ ಗ್ರೂಪ್‌ಗೆ ನಂಬರು ಸಮೇತ ಪತ್ರ ಬರೆಯಿರಿ. ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರದ ‘ಅಭಿಲೇಖ್ ಪಟಲ್’ ತಾಣದಲ್ಲಿ ಮನೆಯಿಂದಲೇ ಹುಡುಕಬಹುದು. ಹೆಸರನ್ನು ನಾಲ್ಕಾರು ಥರ ಬರೆದು ನೋಡಿ. ಕೆಂಪಯ್ಯ, ಕೆಂಚಪ್ಪ ಅಂಥ ಹೆಸರನ್ನು ಗುಮಾಸ್ತ ಕಿವಿಗೆ ಬಿದ್ದ ಹಾಗೆ ಬರೆದಿರುತ್ತಾನೆ. ಮನೆತನದ ಹೆಸರು ಅಂತ ನಮ್ಮಲ್ಲಿ ಜಾಸ್ತಿ ಇಲ್ಲ, ಊರು ಮತ್ತು ತಂದೆಯ ಹೆಸರೇ ಗುರುತು. ಮಾಲೂರಿನ ಹತ್ತಿರ ‘ಸರ್ಕಾರ ಕೊಟ್ಟ ಎರಡೆಕರೆ’ ಅಂತ ಒಂದು ಮಾತು ಬಿಟ್ಟಿದ್ದೀರಿ. ಆ ಜಮೀನಿನ ಹಳೇ ದಾಖಲೆ ತೆಗೆಸಿ, ಯಾವ ವರ್ಷ, ಯಾಕೆ ಮಂಜೂರಾಯಿತು ಅಂತ ನೋಡಿ.

ಕೊನೆಗೆ ಹೈಫಾಕ್ಕೆ ಹೋಗಿರಲೇ ಇಲ್ಲ ಅಂತ ಗೊತ್ತಾದರೆ? ಹಾಗೇ ಬರೆಯಿರಿ. ನಾನು ಹಾಕುತ್ತೇನೆ. ಹುಡುಕಾಟವೇ ಲೇಖನ. ಕಾಳಗ ಒಂದು ಪ್ಯಾರಾ ಸಾಕು, ‘ಹುಲಿ’ ಬೇಡ. ದೊಡ್ಡಮ್ಮನ ಮಾತನ್ನು ಕೆಲವು ಕಡೆ ಪುಸ್ತಕದ ಕನ್ನಡ ಮಾಡಿದ್ದೀರಿ, ಅವರು ಆಡಿದ ಹಾಗೇ ಇರಲಿ. ಅವರಿಗೆ ಈ ವಾರವೇ ಫೋನ್ ಮಾಡಿ. ಯುದ್ಧದ ವಿಷಯ ಎತ್ತಬೇಡಿ. ಮುತ್ತಜ್ಜ ಹೋದ ಮೇಲೆ ಮುತ್ತಜ್ಜಿಗೆ ಪಿಂಚಣಿ ಬರುತ್ತಿತ್ತಾ, ಅದನ್ನು ತರಲು ತಾಲ್ಲೂಕು ಖಜಾನೆಗೆ ಹೋಗುತ್ತಿದ್ದರಾ, ದಂಡಿಗೆ ಬರುತ್ತಿದ್ದರಾ ಅಂತ ಕೇಳಿ.

ಇಂತಿ,
ಸಂಪಾದಕ
ಬೆಂಗಳೂರು