ಆರು ಮಂದಿ, ಮೂರು ವಾರ, ಒಂದು ಕಾರು: ವಿದೇಶದ ರಸ್ತೆಗಿಳಿಯುವ ಮುನ್ನ

ಪ್ರಶ್ನೆ: ನಾವು ಬ್ರಹ್ಮಾವರದವರು. ನಾನು, ನನ್ನ ಹೆಂಡತಿ, ಹನ್ನೊಂದು ಮತ್ತು ನಾಲ್ಕು ವರ್ಷದ ಇಬ್ಬರು ಮಕ್ಕಳು, ಜೊತೆಗೆ ನನ್ನ ಅಪ್ಪ-ಅಮ್ಮ. ಬರುವ ಮೇ ತಿಂಗಳಲ್ಲಿ ಮೂರು ವಾರ ಫ್ರಾನ್ಸ್, ಸ್ವಿಟ್ಜರ್ಲೆಂಡ್, ಇಟಲಿ, ಆಸ್ಟ್ರಿಯಾ ಸುತ್ತಬೇಕೆಂದಿದ್ದೇವೆ. ಊರಲ್ಲಿ ಇನ್ನೋವಾ ಓಡಿಸುತ್ತೇನೆ, ಘಾಟಿ ರಸ್ತೆಯೂ ಅಭ್ಯಾಸವಿದೆ. ಏಳು ಸೀಟಿನ ಕಾರೊಂದು ಒಳ್ಳೆಯ ದರಕ್ಕೆ ಸಿಗುತ್ತಿದೆ. ಹೆಂಡತಿಯ ಕ್ರೆಡಿಟ್ ಕಾರ್ಡಿನಲ್ಲಿ ಬುಕ್ ಮಾಡಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಆತಂಕ ಹುಟ್ಟಿಸಿದ್ದು ಕೊನೆಯ ಸಾಲು. ಕಾರು ಯಾವುದು ಎಂಬುದು ಆಮೇಲಿನ ಮಾತು. ಓಡಿಸುವವರು ಯಾರು, ಯಾರ ಹೆಸರಿನ ಕಾರ್ಡು, ಯಾರ ಲೈಸೆನ್ಸು ಎಂಬುದು ಮೊದಲು ತೀರ್ಮಾನವಾಗಬೇಕು. ಯುರೋಪಿನ ಬಾಡಿಗೆ ಕೌಂಟರಿನಲ್ಲಿ ಮುಖ್ಯ ಚಾಲಕನ ಹೆಸರಲ್ಲೇ ಕ್ರೆಡಿಟ್ ಕಾರ್ಡ್ ಇರಬೇಕೆಂದು ಸಾಮಾನ್ಯವಾಗಿ ಕೇಳುತ್ತಾರೆ. ಹಣ ಮೊದಲೇ ಕಟ್ಟಿದ್ದರೂ ಅಷ್ಟೇ. ಡೆಪಾಸಿಟ್ ಎಂದು ದೊಡ್ಡ ಮೊತ್ತವೊಂದನ್ನು ಕಾರ್ಡಿನಲ್ಲಿ ತಡೆಹಿಡಿಯುತ್ತಾರೆ, ಕಾರು ಹಿಂದಿರುಗಿಸಿದ ಮೇಲೆ ಬಿಡುಗಡೆ ಮಾಡುತ್ತಾರೆ. ಡೆಬಿಟ್ ಕಾರ್ಡ್, ಫಾರೆಕ್ಸ್ ಕಾರ್ಡ್‌ಗಳನ್ನು ಇದಕ್ಕೆ ಬಹಳ ಕಡೆ ಒಪ್ಪುವುದಿಲ್ಲ. ಕಾರ್ಡ್ ನಿಮ್ಮ ಹೆಂಡತಿಯದಾದರೆ ಅವರೇ ಮುಖ್ಯ ಚಾಲಕಿಯಾಗಬೇಕು, ಇಲ್ಲವೇ ನೀವು ಈಗಲೇ ನಿಮ್ಮ ಹೆಸರಲ್ಲಿ ಒಂದು ಕಾರ್ಡ್ ಮಾಡಿಸಿಕೊಳ್ಳಬೇಕು. ಮಿತಿ ಸಾಕಷ್ಟು ಇರಲಿ, ವಿದೇಶಿ ಬಳಕೆಯನ್ನು ಬ್ಯಾಂಕಿನ ಆ್ಯಪ್‌ನಲ್ಲಿ ತೆರೆದಿಡಿ. ಅವರಿಗೂ ಕಾರು ಓಡಿಸಲು ಬರುವುದಾದರೆ ಹೆಚ್ಚುವರಿ ಚಾಲಕಿ ಎಂದು ಸೇರಿಸಿ. ಅದಕ್ಕೆ ಶುಲ್ಕ ಹೆಚ್ಚಾಗಬಹುದು. ಆದರೂ ಮೂರು ವಾರ ಒಬ್ಬರೇ ಸ್ಟಿಯರಿಂಗ್ ಹಿಡಿಯಬೇಡಿ ಎಂಬುದು ನನ್ನ ಖಡಾಖಂಡಿತ ಸಲಹೆ.

ಇನ್ನು ಹೆಸರಿನ ವಿಷಯ. ಕರಾವಳಿಯಲ್ಲಿ ಇದು ದೊಡ್ಡ ತಲೆನೋವು. ಡ್ರೈವಿಂಗ್ ಲೈಸೆನ್ಸಿನಲ್ಲಿ ಇನಿಷಿಯಲ್ ಮುಂದಿರುತ್ತದೆ, ಪಾಸ್‌ಪೋರ್ಟಿನಲ್ಲಿ ಅದೇ ಇನಿಷಿಯಲ್ ಬಿಡಿಸಿ ಅಪ್ಪನ ಹೆಸರಾಗಿರುತ್ತದೆ, ಕಾರ್ಡಿನಲ್ಲಿ ಬರೀ ಹೆಸರಿನ ಮುಂದೆ ಶೆಟ್ಟಿ ಅಥವಾ ಭಟ್ ಎಂದಿರುತ್ತದೆ. ನಮಗೆ ಮೂರೂ ಒಬ್ಬರೇ ಎಂದು ನೋಡಿದಾಕ್ಷಣ ಗೊತ್ತಾಗುತ್ತದೆ, ಜಿನೀವಾದ ಕೌಂಟರಿನಲ್ಲಿ ಕೂತ ಹುಡುಗನಿಗೆ ಗೊತ್ತಾಗುವುದಿಲ್ಲ. ಲೈಸೆನ್ಸಿನ ಹೆಸರನ್ನು ಪಾಸ್‌ಪೋರ್ಟಿನಂತೆ ತಿದ್ದಿಸಲು ಆರ್‌ಟಿಒದಲ್ಲಿ ಸಮಯ ಬೇಕು, ಆದ್ದರಿಂದ ಈ ಕೆಲಸ ಎಲ್ಲಕ್ಕಿಂತ ಮೊದಲು.

ಅದರ ಬೆನ್ನಿಗೇ ಅಂತರರಾಷ್ಟ್ರೀಯ ಚಾಲನಾ ಪರವಾನಗಿ. ಪರಿವಾಹನ್ ಜಾಲತಾಣದ ಸಾರಥಿ ವಿಭಾಗದಲ್ಲಿ ಅರ್ಜಿ ಹಾಕಬಹುದು, ಫಾರ್ಮ್ 4ಎ, ಶುಲ್ಕ 1000 ರೂಪಾಯಿ. ನೀವು ಉಡುಪಿ ಜಿಲ್ಲೆಯವರಾದ್ದರಿಂದ ಉಡುಪಿ ಆರ್‌ಟಿಒ. ಲೈಸೆನ್ಸ್, ಪಾಸ್‌ಪೋರ್ಟ್ ಪ್ರತಿಗಳ ಜೊತೆ ಟಿಕೆಟ್ ಮತ್ತು ವೀಸಾ ಪ್ರತಿಯನ್ನೂ ಕೈಯಲ್ಲಿಟ್ಟುಕೊಂಡು ಹೋಗಿ, ಕೇಳಿದರೆ ಓಡಾಟ ತಪ್ಪುತ್ತದೆ. ಇದು ಒಂದು ವರ್ಷಕ್ಕೆ ಸಿಗುತ್ತದೆ, ಆದರೆ ನಿಮ್ಮ ಮೂಲ ಲೈಸೆನ್ಸಿನ ಅವಧಿ ಅದಕ್ಕೂ ಮೊದಲೇ ಮುಗಿದರೆ ಇದೂ ಅಲ್ಲಿಗೇ ಮುಗಿಯುತ್ತದೆ. ಈ ಪುಸ್ತಿಕೆ ಮೂಲ ಲೈಸೆನ್ಸಿನ ಜೊತೆಗಿದ್ದರೆ ಮಾತ್ರ ಬೆಲೆ. ಲೈಸೆನ್ಸ್ ಕಾರ್ಡನ್ನು ಮನೆಯಲ್ಲಿ ಬಿಟ್ಟು ಮೊಬೈಲಿನ ಪ್ರತಿ ತೋರಿಸಿದರೆ ಅಲ್ಲಿ ನಡೆಯುವುದಿಲ್ಲ.

ಈಗ ಕಾರಿನ ಗಾತ್ರ. ಏಳು ಸೀಟು ಎಂದು ತೋರಿಸುವ ಕಾರುಗಳಲ್ಲಿ ಹೆಚ್ಚಿನವು ಐದು ಜನ ಮತ್ತು ಲಗೇಜಿಗೆ, ಅಥವಾ ಏಳು ಜನ ಮತ್ತು ಕೈಚೀಲಕ್ಕೆ ಸರಿಹೋಗುವಂಥವು. ಹಿಂದಿನ ಸಾಲಿನ ಸೀಟು ಎಬ್ಬಿಸಿದರೆ ಡಿಕ್ಕಿಯಲ್ಲಿ ಉಳಿಯುವ ಜಾಗ ನಿಮ್ಮ ಇನ್ನೋವಾದಲ್ಲಿ ನೀವೇ ಕಂಡದ್ದು. ಊರಲ್ಲಾದರೆ ಉಳಿದದ್ದನ್ನು ಮೇಲಿನ ಕ್ಯಾರಿಯರ್‌ಗೆ ಕಟ್ಟುತ್ತೇವೆ, ಬಾಡಿಗೆ ಕಾರಿನಲ್ಲಿ ಅದು ಸಾಧ್ಯವಿಲ್ಲ. ಆರು ಮಂದಿ, ಮೂರು ವಾರ, ಅದರಲ್ಲಿ ಕುಚ್ಚಲಕ್ಕಿ ಬೇಯಿಸುವ ಕುಕ್ಕರ್ ಬಿಟ್ಟು ಬರಲೊಪ್ಪದ ಅಮ್ಮ ಇದ್ದರೆ, ನಿಮಗೆ ಬೇಕಿರುವುದು ಒಂಬತ್ತು ಸೀಟಿನ ವ್ಯಾನ್: ರೆನೋ ಟ್ರಾಫಿಕ್, ಫೋಕ್ಸ್‌ವ್ಯಾಗನ್ ಟ್ರಾನ್ಸ್‌ಪೋರ್ಟರ್, ಮರ್ಸಿಡಿಸ್ ವೀಟೋ ಥರದ್ದು. ಚಾಲಕನೂ ಸೇರಿ ಒಂಬತ್ತು ಜನರ ತನಕ ಅಲ್ಲಿ ಸಾಮಾನ್ಯ ಕಾರಿನ ಲೈಸೆನ್ಸೇ ಸಾಕು.

ವ್ಯಾನಿಗೂ ಒಂದು ತೊಡಕಿದೆ. ಉದ್ದ ಐದು ಮೀಟರ್ ದಾಟುತ್ತದೆ, ಎತ್ತರ ಎರಡು ಮೀಟರಿನ ಹತ್ತಿರ. ಹಳೆಯ ನಗರಗಳ ನೆಲದಡಿಯ ಪಾರ್ಕಿಂಗ್‌ಗಳಲ್ಲಿ 1.90 ಮೀಟರ್ ಎಂದು ಬೋರ್ಡು ಹಾಕಿರುವುದು ಸಾಮಾನ್ಯ. ಹೋಟೆಲ್ ಬುಕ್ ಮಾಡುವಾಗ ಪಾರ್ಕಿಂಗ್ ಇದೆಯೇ ಎಂದು ಮಾತ್ರ ಕೇಳಿದರೆ ಸಾಲದು, ಎಷ್ಟು ಎತ್ತರದ ವಾಹನ ಒಳಗೆ ಹೋಗುತ್ತದೆ ಎಂದು ಕೇಳಿ. ಊರೊಳಗಿನ ಹೋಟೆಲುಗಳಿಗಿಂತ ಹೊರವಲಯದಲ್ಲಿ ಅಂಗಳವಿರುವ ಮನೆಗಳನ್ನು ಹಿಡಿಯುವುದೇ ನಿಮ್ಮಂಥ ಕುಟುಂಬಕ್ಕೆ ಹಿತ. ಅಡುಗೆಮನೆಯೂ ಸಿಗುತ್ತದೆ. ಇಬ್ಬರೂ ಚೆನ್ನಾಗಿ ಓಡಿಸುವವರಾದರೆ ಎರಡು ಸಣ್ಣ ಕಾರು ಎಂಬ ದಾರಿಯೂ ಇದೆ, ಆದರೆ ಗುರುತಿಲ್ಲದ ರಸ್ತೆಯಲ್ಲಿ ಒಬ್ಬರನ್ನೊಬ್ಬರು ಹಿಂಬಾಲಿಸುವ ಒತ್ತಡ ಪ್ರವಾಸದ ಸುಖವನ್ನೆಲ್ಲ ತಿನ್ನುತ್ತದೆ. ಆ ಸಲಹೆಯನ್ನು ನಾನು ಕೊಡಲಾರೆ.

ಬುಕ್ ಮಾಡುವಾಗ ಆಟೊಮ್ಯಾಟಿಕ್ ಎಂದು ಸ್ಪಷ್ಟವಾಗಿ ಆರಿಸಿ, ಇಲ್ಲದಿದ್ದರೆ ಗೇರಿನ ಗಾಡಿ ಬರುವ ಸಾಧ್ಯತೆಯೇ ಹೆಚ್ಚು. ನೀವು ಮೊದಲ ಬಾರಿಗೆ ರಸ್ತೆಯ ಬಲಬದಿಯಲ್ಲಿ ಓಡಿಸುವವರು. ಸ್ಟಿಯರಿಂಗ್ ಎಡಕ್ಕೆ, ಗೇರು ಬಲಗೈಗೆ. ತಲೆ ಇದಕ್ಕೆ ಒಗ್ಗುವ ಹೊತ್ತಿಗೆ ಒಂದು ಕೆಲಸವಾದರೂ ಕಡಿಮೆಯಿರಲಿ. ವೃತ್ತಗಳಲ್ಲಿ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತಬೇಕು. ಫ್ರಾನ್ಸ್‌ನ ಒಳರಸ್ತೆಗಳಲ್ಲಿ ಬೋರ್ಡು ಇಲ್ಲದ ಕೂಡುರಸ್ತೆಯಾದರೆ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು. ಇಲ್ಲಿನ ನುಗ್ಗುವ ಅಭ್ಯಾಸ ಅಲ್ಲಿ ಅಪಾಯ. ಮಂಗಳೂರಿನಿಂದ ಎರಡು ವಿಮಾನ ಬದಲಿಸಿ ರಾತ್ರಿಯೆಲ್ಲ ನಿದ್ದೆಗೆಟ್ಟು ಇಳಿದವರು ಅಂದೇ ಕಾರು ತೆಗೆದುಕೊಳ್ಳಲೇಬಾರದು. ಒಂದು ರಾತ್ರಿ ಮಲಗಿ, ಮಾರನೆಯ ಬೆಳಿಗ್ಗೆ ತೆಗೆದುಕೊಳ್ಳಿ. ಒಂದು ದಿನದ ಬಾಡಿಗೆಯೂ ಉಳಿಯುತ್ತದೆ.

ಎಲ್ಲಿ ತೆಗೆದುಕೊಳ್ಳುತ್ತೀರೋ ಆ ದೇಶದಲ್ಲೇ ಹಿಂದಿರುಗಿಸಿ. ಪ್ಯಾರಿಸಿನಲ್ಲಿ ತೆಗೆದುಕೊಂಡು ವಿಯೆನ್ನಾದಲ್ಲಿ ಬಿಟ್ಟರೆ, ಬಿಡುವ ಶುಲ್ಕವೇ ಬಾಡಿಗೆಯ ಹತ್ತಿರ ಹೋದೀತು. ಪ್ಯಾರಿಸಿಗೆ ಕಾರೇ ಬೇಡ. ಅಲ್ಲಿಂದ ರೈಲಿನಲ್ಲಿ ಲಿಯಾನ್ ಅಥವಾ ಜಿನೀವಾಕ್ಕೆ ಬಂದು, ಅಲ್ಲಿಂದ ಸುತ್ತು ಹೊಡೆದು ಅಲ್ಲಿಗೇ ಮರಳುವ ಹಾಗೆ ಯೋಜನೆ ಹಾಕಿ. ಜಿನೀವಾ ವಿಮಾನ ನಿಲ್ದಾಣಕ್ಕೆ ಸ್ವಿಸ್ ಬದಿ, ಫ್ರೆಂಚ್ ಬದಿ ಎಂದು ಎರಡಿವೆ. ಸ್ವಿಸ್ ಬದಿಯ ಕಾರಿನಲ್ಲಿ ಅಲ್ಲಿನ ಹೆದ್ದಾರಿ ಶುಲ್ಕ ಕಟ್ಟಿದ ಗುರುತಾದ ವಿನ್ಯೆಟ್ ಇರುತ್ತದೆ. ಫ್ರೆಂಚ್ ಬದಿಯದಕ್ಕೆ ನೀವೇ ಕೊಳ್ಳಬೇಕು: 40 ಫ್ರಾಂಕ್, ವರ್ಷದ್ದೊಂದೇ, ದಿನದ ಲೆಕ್ಕದ್ದು ಇಲ್ಲ. 2023ರ ಆಗಸ್ಟಿನಿಂದ ಆನ್‌ಲೈನಿನಲ್ಲೂ ಸಿಗುತ್ತದೆ. ಆಸ್ಟ್ರಿಯಾದಲ್ಲಿ ಹತ್ತು ದಿನದ್ದು ಸಿಗುತ್ತದೆ, ಆದರೆ ಇಟಲಿಯಿಂದ ಬ್ರೆನ್ನರ್ ಮೂಲಕ ದಾಟಿದರೆ ಆ ಹೆದ್ದಾರಿಗೆ ಬೇರೆಯೇ ಟೋಲ್. ಮಾಂಟ್ ಬ್ಲಾಂಕ್ ಸುರಂಗಕ್ಕೂ ಬೇರೆ, ಅದು ದುಬಾರಿ. ನಾಲ್ಕೂ ದೇಶಗಳ ಹೆಸರನ್ನು ಬುಕಿಂಗ್ ಸಮಯದಲ್ಲೇ ಕಂಪನಿಗೆ ತಿಳಿಸಿ. ಹೇಳದೆ ಗಡಿ ದಾಟಿದರೆ ವಿಮೆ ಕೈಕೊಡಬಹುದು.

ವಿಮೆಯಲ್ಲಿ ನೋಡಬೇಕಾದ್ದು ನಿಮ್ಮ ಪಾಲಿಗೆ ಬರುವ ಮೊತ್ತ ಎಷ್ಟು ಎಂಬುದು. ಮೂಲ ಬಾಡಿಗೆಯ ವಿಮೆಯಲ್ಲಿ ಒಂದು ಗೀರು ಬಿದ್ದರೂ ಸಾವಿರ ಯೂರೋ ದಾಟುವ ತನಕ ನೀವೇ ಕೊಡಬೇಕಾಗಬಹುದು. ಟೈರು, ಗಾಜು, ಗಾಡಿಯ ತಳಭಾಗ ಹಲವು ಪಾಲಿಸಿಗಳಲ್ಲಿ ಸೇರಿರುವುದೇ ಇಲ್ಲ. ತಪ್ಪು ಇಂಧನ ಹಾಕಿದರೆ ಎಲ್ಲೂ ರಕ್ಷಣೆಯಿಲ್ಲವೆಂದೇ ತಿಳಿಯಿರಿ. ಫ್ರಾನ್ಸ್‌ನಲ್ಲಿ ಡೀಸೆಲ್‌ಗೆ ಗಜೋಲ್, ಇಟಲಿಯಲ್ಲಿ ಗಸೋಲಿಯೊ ಎನ್ನುತ್ತಾರೆ. ಕೇಳಿದರೆ ಪೆಟ್ರೋಲೇ ಅನ್ನಿಸುತ್ತದೆ. ಬಂಕಿನಲ್ಲೂ ಟ್ಯಾಂಕಿನ ಮುಚ್ಚಳದಲ್ಲೂ ಇರುವ ಗುರುತು ನೋಡಿ: ಪೆಟ್ರೋಲಿಗೆ ವೃತ್ತ, ಡೀಸೆಲ್‌ಗೆ ಚೌಕ. ಕಾರು ಕೈಗೆ ಬಂದಾಗ ನಾಲ್ಕೂ ಬದಿ, ಚಕ್ರ, ಗಾಜು, ಓಡೋಮೀಟರ್ ವಿಡಿಯೊ ಮಾಡಿ, ಬಿಡುವಾಗಲೂ ಮಾಡಿ.

ಒಟ್ಟು ಮೂರು ವಾರ ತುಂಬುತ್ತದೆ ಎಂದಾದರೆ ಇನ್ನೊಂದು ದಾರಿಯನ್ನೂ ವಿಚಾರಿಸಿ. ಐರೋಪ್ಯ ಒಕ್ಕೂಟದ ಹೊರಗೆ ನೆಲೆಸಿರುವ ಪ್ರವಾಸಿಗಳಿಗೆ ಫ್ರೆಂಚ್ ಕಂಪನಿಗಳು ಹೊಚ್ಚಹೊಸ ಕಾರನ್ನೇ ಅಲ್ಪಾವಧಿ ಲೀಸ್‌ಗೆ ಕೊಡುವ ಪದ್ಧತಿ ಇದೆ, ಸಾಮಾನ್ಯವಾಗಿ ಕನಿಷ್ಠ 21 ದಿನ. ಕೆಂಪು ನಂಬರ್ ಪ್ಲೇಟು, ಪೂರ್ತಿ ವಿಮೆ, ಗೀರಿಗೆ ನಿಮ್ಮ ಕೈಯಿಂದ ಕೊಡುವುದು ಏನಿಲ್ಲ. ಭಾರತದ ನಿವಾಸಿಗೆ ಯಾವ ಷರತ್ತಿನಲ್ಲಿ ಕೊಡುತ್ತಾರೆಂದು ಬರಹದಲ್ಲಿ ಉತ್ತರ ಪಡೆದು ಮುಂದುವರಿಯಿರಿ. ತಿಂಗಳುಗಳ ಮೊದಲೇ ಹೇಳಿಡಬೇಕು.

ಮಕ್ಕಳ ಸೀಟಿನಲ್ಲಿ ರಾಜಿ ಬೇಡ. ಸ್ವಿಟ್ಜರ್ಲೆಂಡಿನಲ್ಲಿ ಹನ್ನೆರಡು ವರ್ಷ ಅಥವಾ 150 ಸೆಂಟಿಮೀಟರ್, ಯಾವುದು ಮೊದಲೋ ಅಲ್ಲಿಯ ತನಕ ಕಡ್ಡಾಯ. ಇಟಲಿಯಲ್ಲೂ ಎತ್ತರದ ಲೆಕ್ಕ 150. ಅಂದರೆ ನಿಮ್ಮ ದೊಡ್ಡ ಮಗುವಿಗೂ ಬೂಸ್ಟರ್ ಬೇಕಾಗಬಹುದು, ಈಗಲೇ ಗೋಡೆಗೆ ನಿಲ್ಲಿಸಿ ಅಳೆಯಿರಿ. ಮಡಿಲಲ್ಲಿ ಕೂರಿಸಿಕೊಂಡು ಹೋಗುವುದನ್ನು ಅಜ್ಜಿ ಎಷ್ಟು ಹೇಳಿದರೂ ಒಪ್ಪಬೇಡಿ.

ಘಾಟಿಯ ಮಾತು ಬರೆದಿದ್ದೀರಿ. ಆಗುಂಬೆ ಹತ್ತಿದವರಿಗೆ ಆಲ್ಪ್ಸ್‌ನ ತಿರುವುಗಳು ಹೆದರಿಕೆ ತರುವುದಿಲ್ಲ, ರಸ್ತೆಯೂ ನುಣುಪು. ಆದರೆ ನಮ್ಮ ಶಾಲೆಗಳಿಗೆ ರಜೆಯಿರುವ ಮೇ ತಿಂಗಳಲ್ಲಿ ಫುರ್ಕಾ, ಗ್ರಿಮ್ಸೆಲ್, ಸ್ಟೆಲ್ವಿಯೊದಂಥ ಎತ್ತರದ ಕಣಿವೆದಾರಿಗಳು ಹಿಮದಿಂದ ಇನ್ನೂ ಮುಚ್ಚಿರುವುದೇ ಹೆಚ್ಚು. ಸುಮಾರು 17 ಕಿ.ಮೀ. ಉದ್ದದ ಗೊಟ್ಟಾರ್ಡ್ ಸುರಂಗದ ಮೂಲಕ ಹೋಗುವಂತೆ ಲೆಕ್ಕ ಹಾಕಿ. ಅಪ್ಪ-ಅಮ್ಮ ಜೊತೆಗಿರುವಾಗ ದಿನಕ್ಕೆ ಇನ್ನೂರೈವತ್ತು ಕಿ.ಮೀ. ಮೀರಬೇಡಿ, ಮೂರು ದಿನಕ್ಕೊಮ್ಮೆ ಗಾಡಿ ನಿಲ್ಲಿಸಿಬಿಡಿ.

ಇಟಲಿಯ ಬಗ್ಗೆ ಕೊನೆಯದೊಂದು. ಫ್ಲಾರೆನ್ಸ್, ರೋಮ್, ಪೀಸಾ ಮುಂತಾದ ಊರುಗಳ ಹಳೆಯ ಭಾಗಕ್ಕೆ ಹೊರಗಿನ ವಾಹನಗಳು ಹೋಗುವಂತಿಲ್ಲ, ಕ್ಯಾಮೆರಾ ಕಾದಿರುತ್ತದೆ. ಪ್ರತಿ ಸಲ ದಾಟಿದ್ದಕ್ಕೂ ಬೇರೆ ಬೇರೆ ದಂಡ, ಜೊತೆಗೆ ನಿಮ್ಮ ವಿಳಾಸ ಕೊಟ್ಟಿದ್ದಕ್ಕೆ ಬಾಡಿಗೆ ಕಂಪನಿಯ ಶುಲ್ಕ, ಎಲ್ಲವೂ ತಿಂಗಳುಗಳ ನಂತರ ಮನೆಬಾಗಿಲಿಗೆ ಬರುತ್ತವೆ. ಮ್ಯಾಪ್ ಹೇಳಿತೆಂದು ನುಗ್ಗಬೇಡಿ. ಊರ ಹೊರಗೆ ನಿಲ್ಲಿಸಿ ಟ್ರಾಮ್ ಹತ್ತಿ.

ಪ್ರಶ್ನೆ: ನಾವು ಉಳ್ಳಾಲದವರು. ತಮ್ಮ ದುಬೈಯಲ್ಲಿದ್ದಾನೆ. ಜುಲೈಯಲ್ಲಿ ಅವನ ಕಾರಿನಲ್ಲೇ ಒಮಾನಿನ ಸಲಾಲಾಕ್ಕೆ ಹೋಗಿ ಮಳೆಗಾಲ ನೋಡಿ ಬರುವ ಆಸೆ. ನಾನೂ ಸ್ವಲ್ಪ ಓಡಿಸಬಹುದೇ?

ಉತ್ತರ: ತಮ್ಮನೇ ಓಡಿಸಲಿ. ಪ್ರವಾಸಿ ವೀಸಾದಲ್ಲಿ ಬಂದವರು ಬಾಡಿಗೆ ಕಾರು ಓಡಿಸುವುದು ಬೇರೆ, ಮನೆಯವರ ಖಾಸಗಿ ಕಾರು ಓಡಿಸುವುದು ಬೇರೆ. ಅಪಘಾತವಾದರೆ ವಿಮೆ ನಿಮ್ಮನ್ನು ಒಪ್ಪುತ್ತದೆಯೇ ಎಂಬುದರ ಮೇಲೆ ಅವನ ಅಲ್ಲಿನ ಬದುಕೇ ನಿಂತಿದೆ. ವಿಮಾ ಕಂಪನಿ ಬರಹದಲ್ಲಿ ಒಪ್ಪಿಗೆ ಕೊಡದ ಹೊರತು ಸ್ಟಿಯರಿಂಗ್ ಮುಟ್ಟಬೇಡಿ.

ಕಾರಿನ ಮುಲ್ಕಿಯಾ, ಅಂದರೆ ಅಲ್ಲಿನ ನೋಂದಣಿ ಕಾರ್ಡ್, ಅವನ ಹೆಸರಲ್ಲೇ ಇರಬೇಕು. ಸಾಲದ ಕಾರಾದರೆ ಗಡಿ ದಾಟಲು ಬ್ಯಾಂಕಿನ ಒಪ್ಪಿಗೆ ಪತ್ರ ಬೇಕಾಗಬಹುದು, ಮೊದಲೇ ವಿಚಾರಿಸಲಿ. ವಿಮೆ ಒಮಾನಿಗೂ ಅನ್ವಯಿಸುತ್ತದೆಂಬ ಆರೆಂಜ್ ಕಾರ್ಡ್ ತೆಗೆದುಕೊಳ್ಳಲಿ. ನಿಮ್ಮ ಕಡೆಯಿಂದ ಬಹಳ ಮುಖ್ಯವಾದದ್ದು ವೀಸಾ. ಒಂದೇ ಪ್ರವೇಶದ ಯುಎಇ ವೀಸಾದಲ್ಲಿ ಒಮಾನಿಗೆ ದಾಟಿದಿರೋ, ಆ ವೀಸಾ ಅಲ್ಲಿಗೆ ಮುಗಿಯಿತು, ದುಬೈಗೆ ಮರಳಿ ಬರಲಾಗದು. ಹಲವು ಪ್ರವೇಶದ ವೀಸಾವನ್ನೇ ಮಾಡಿಸಿ, ಒಮಾನಿನ ವೀಸಾ ನಿಯಮವನ್ನೂ ಹೊರಡುವ ಮೊದಲು ನೋಡಿಕೊಳ್ಳಿ.

ದಾರಿ ಸಾವಿರ ಕಿ.ಮೀ. ಮೀರುತ್ತದೆ, ಹೆಚ್ಚಿನದು ಮರುಭೂಮಿ. ಬಂಕ್ ಕಂಡಲ್ಲೆಲ್ಲ ಟ್ಯಾಂಕ್ ತುಂಬಿಸಿ, ಹೈಮಾದಂಥ ಊರಲ್ಲಿ ಒಂದು ರಾತ್ರಿ ತಂಗಿ. ಖರೀಫ್ ಎಂಬ ಅಲ್ಲಿನ ಮಳೆಗಾಲದ ದಿನಗಳಲ್ಲಿ ಸಲಾಲಾದ ಬೆಟ್ಟ ಹತ್ತುವಾಗ ದಟ್ಟ ಮಂಜು ಕವಿಯುತ್ತದೆ, ಒಂಟೆಗಳು ರಸ್ತೆಗೆ ಬರುತ್ತವೆ. ಕತ್ತಲಾದ ಮೇಲೆ ಆ ಭಾಗದಲ್ಲಿ ಓಡಿಸಬೇಡಿ. ಮರಳುವಾಗ ನಿಜ್ವಾ ಬಳಿ ಜೆಬೆಲ್ ಅಖ್ದರ್ ಹತ್ತುವ ಮನಸ್ಸಿದ್ದರೆ, ಬಿರ್ಕತ್ ಅಲ್ ಮೌಜ್ ತಪಾಸಣಾ ಠಾಣೆಯಲ್ಲಿ ಫೋರ್ ವೀಲ್ ಡ್ರೈವ್ ಇಲ್ಲದ ಕಾರನ್ನು ಪೊಲೀಸರು ಮೇಲೆ ಬಿಡುವುದಿಲ್ಲ.

ಪ್ರಶ್ನೆ: ಸುರತ್ಕಲ್‌ನಿಂದ ನಮ್ಮದೇ ಕಾರಿನಲ್ಲಿ ನೇಪಾಳಕ್ಕೆ ಹೋಗಬಹುದೇ?

ಉತ್ತರ: ಹೋಗಬಹುದು. ಗಡಿಯಲ್ಲಿ ಭನ್ಸಾರ್ ಎಂಬ ದಿನದ ಲೆಕ್ಕದ ಸುಂಕ ಕಟ್ಟಿ ಚೀಟಿ ಪಡೆಯಬೇಕು. ಉಳಿಯುವ ದಿನಕ್ಕಿಂತ ಒಂದೆರಡು ದಿನ ಹೆಚ್ಚಿಗೇ ಕಟ್ಟಿ, ಅವಧಿ ಮೀರಿದರೆ ದಂಡ ಬೀಳುತ್ತದೆ. ಆರ್‌ಸಿ, ಲೈಸೆನ್ಸ್, ವಿಮೆ, ಹೊಗೆ ತಪಾಸಣೆ ಪತ್ರ ಎಲ್ಲವೂ ಮೂಲಪ್ರತಿಯೇ ಇರಲಿ. ಹೆಚ್ಚಿನವರು ಮರೆಯುವುದು ವಿಮೆಯ ವಿಸ್ತರಣೆ. ನಮ್ಮ ಪಾಲಿಸಿ ಭಾರತದೊಳಗೆ ಮಾತ್ರ, ಹೆಚ್ಚುವರಿ ಪ್ರೀಮಿಯಂ ಕಟ್ಟಿ ನೇಪಾಳಕ್ಕೆ ವಿಸ್ತರಿಸಿಕೊಳ್ಳಬೇಕು. ಏಜೆಂಟರಿಗೆ ಹೇಳಿದರೆ ಮಾಡಿಕೊಡುತ್ತಾರೆ. ಹಿರಿಯರಿಗೂ ಸಣ್ಣ ಮಕ್ಕಳಿಗೂ ಬಿಟ್ಟು ಉಳಿದವರಿಗೆ ಆಧಾರ್ ಸಾಲದು, ಪಾಸ್‌ಪೋರ್ಟ್ ಅಥವಾ ಮತದಾರರ ಚೀಟಿ ಬೇಕು. ಸುನೌಲಿ ಗಡಿ ಮುಟ್ಟಲೇ ಎರಡು ಸಾವಿರ ಕಿ.ಮೀ. ದಾಟುತ್ತದೆ. ರಜೆ ಎರಡು ವಾರಕ್ಕಿಂತ ಕಡಿಮೆಯಿದ್ದರೆ ಗೋರಖ್‌ಪುರದ ತನಕ ರೈಲಿನಲ್ಲಿ ಹೋಗಿ, ಗಡಿಯಾಚೆ ಚಾಲಕನಿರುವ ಜೀಪ್ ಹಿಡಿಯಿರಿ.