ಸಂಪಾದಕರ ಉತ್ತರ: ಒಂದೇ ಸಾಲಿನ ‘ವಜಾ’

ಗದಗ ಜಿಲ್ಲೆಯ ಓದುಗರೊಬ್ಬರು ಹೆಸರು ಹಾಕಬೇಡಿ ಎಂದು ಕೇಳಿಕೊಂಡು ಬರೆದಿದ್ದಾರೆ. ನಾಲ್ಕೂವರೆ ಎಕರೆ ಜಮೀನಿನ ಪಾಲಿನ ದಾವೆ. ಸಿವಿಲ್ ಕೋರ್ಟಿನಲ್ಲಿ ಸೋತರು, ಜಿಲ್ಲಾ ನ್ಯಾಯಾಲಯದಲ್ಲಿ ಸೋತರು, ಹೈಕೋರ್ಟಿನ ಧಾರವಾಡ ಪೀಠದಲ್ಲೂ ಸೋತರು. ಸಾಲ ಮಾಡಿ ದಿಲ್ಲಿಗೆ ಹೋದರು. “ನಮ್ಮ ವಕೀಲರು ಎದ್ದು ಎರಡು ಮಾತು ಆಡೋದರೊಳಗೆ ಡಿಸ್‌ಮಿಸ್ ಅಂದುಬಿಟ್ಟರು. ಹದಿನಾರು ವರ್ಷದ ವ್ಯಾಜ್ಯಕ್ಕೆ ಎರಡು ನಿಮಿಷ. ಕಾಗದ ಓದಿದ್ದರೋ ಇಲ್ಲವೋ? ಯಾವ ಕೇಸು ತಗೋಬೇಕು, ಯಾವುದು ಬಿಡಬೇಕು ಅಂತ ಹೇಗೆ ಆರಿಸುತ್ತಾರೆ? ಮುಖ್ಯ ನ್ಯಾಯಮೂರ್ತಿಗಳಿಗೆ ಪತ್ರ ಬರೆದರೆ ನಡೆಯುತ್ತದೆಯೇ?” ಎಂದು ಕೇಳಿದ್ದಾರೆ.

ಮಾನ್ಯರೇ,

ಆ ‘ವಜಾ’ ನಿಮ್ಮ ಜಮೀನು ಯಾರದು ಎಂಬುದರ ಮೇಲೆ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಲ್ಲ. ನೀವು ಹಾಕಿದ್ದು ವಿಶೇಷ ಅನುಮತಿ ಅರ್ಜಿ, ವಕೀಲರ ಬಾಯಲ್ಲಿ ಎಸ್‌ಎಲ್‌ಪಿ. ಮೇಲ್ಮನವಿ ಸಲ್ಲಿಸಲು ಅನುಮತಿ ಕೊಡಿ ಎಂಬುದಷ್ಟೇ ಅದರ ಬೇಡಿಕೆ. ಅನುಮತಿ ಸಿಕ್ಕಿದ್ದರೆ ಅದೇ ಅರ್ಜಿ ಸಿವಿಲ್ ಅಪೀಲಾಗಿ ಹೊಸ ನಂಬರು ಪಡೆದು ವಾದಕ್ಕೆ ನಿಲ್ಲುತ್ತಿತ್ತು. ನಿಮಗೆ ಬಾಗಿಲಲ್ಲೇ ಬೇಡವೆಂದರು. ಈ ವ್ಯತ್ಯಾಸವನ್ನು ದಿಲ್ಲಿಗೆ ಹೊರಡುವ ಮೊದಲೇ ನಿಮಗೆ ಯಾರಾದರೂ ಬಿಡಿಸಿ ಹೇಳಬೇಕಿತ್ತು.

ಅನುಮತಿ ಕೊಡುವ ಅಧಿಕಾರ ಸಂವಿಧಾನದ 136ನೇ ವಿಧಿಯಲ್ಲಿದೆ. ಅಲ್ಲಿರುವ ಮುಖ್ಯ ಮಾತು ‘ತನ್ನ ವಿವೇಚನೆಯಂತೆ’. ಇದು ಕಕ್ಷಿದಾರನ ಹಕ್ಕಲ್ಲ. ಅಸಾಧಾರಣ ಸಂದರ್ಭ ಇರಬೇಕು, ಗಂಭೀರ ಅನ್ಯಾಯ ಆಗಿರಬೇಕು ಎಂದು 1950ರಲ್ಲೇ ಪ್ರೀತಂ ಸಿಂಗ್ ಪ್ರಕರಣದಲ್ಲಿ ಕೋರ್ಟು ಹೇಳಿತು. ಯಾವ ಬಗೆಯ ಕೇಸು ತೆಗೆದುಕೊಳ್ಳಬೇಕೆಂದು ಪಟ್ಟಿ ಮಾಡಿಬಿಡೋಣ ಎಂದು ಒಂದು ಪೀಠಕ್ಕೆ ಅನ್ನಿಸಿ ವಿಷಯ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠಕ್ಕೂ ಹೋಗಿತ್ತು. 2016ರಲ್ಲಿ ಆ ಪೀಠ, ಈ ಅಧಿಕಾರಕ್ಕೆ ಬೇಲಿ ಹಾಕುವುದು ಬೇಡ ಎಂದಿತು. ಹಾಗಾಗಿ ಬರೆದಿಟ್ಟ ಪಟ್ಟಿ ಇಂದಿಗೂ ಇಲ್ಲ. ಇರುವುದು ರೂಢಿ.

ಆರಿಸುವ ಪ್ರಶ್ನೆಯೇ ಬರದ ದಾರಿಗಳೂ ಕೆಲವಿವೆ. ಕೆಳಗೆ ಬಿಡುಗಡೆಯಾದವನಿಗೆ ಹೈಕೋರ್ಟು ಗಲ್ಲು ವಿಧಿಸಿದರೆ ಮೇಲ್ಮನವಿ ಅವನ ಹಕ್ಕು. ಎರಡು ರಾಜ್ಯಗಳ ನಡುವಿನ ದಾವೆ 131ನೇ ವಿಧಿಯಡಿ ನೇರ ಅಲ್ಲಿಗೇ ಹೋಗುತ್ತದೆ. ಸಿವಿಲ್ ವಿಷಯದಲ್ಲಿ ಹೈಕೋರ್ಟೇ ‘ಇದರಲ್ಲಿ ಎಲ್ಲರಿಗೂ ಸಂಬಂಧಿಸಿದ ಕಾನೂನಿನ ಪ್ರಶ್ನೆ ಇದೆ, ಸುಪ್ರೀಂ ಕೋರ್ಟೇ ತೀರ್ಮಾನಿಸಬೇಕು’ ಎಂದು ಪ್ರಮಾಣಪತ್ರ ಕೊಡಬಹುದು. ತೀರ್ಪು ಹೇಳಿದ ಕೂಡಲೇ ವಕೀಲರು ಅಲ್ಲೇ ಎದ್ದುನಿಂತು ಬಾಯಿಮಾತಿನಲ್ಲಿ ಅದನ್ನು ಕೇಳಬೇಕು. ಸಿಗುವುದು ಅಪರೂಪ. ಉಳಿದವರಿಗೆ ಎಸ್‌ಎಲ್‌ಪಿಯೇ ಗತಿ, ಹೈಕೋರ್ಟ್ ತೀರ್ಪಿನಿಂದ 90 ದಿನಗಳೊಳಗೆ.

ಓದಿದ್ದರೋ ಇಲ್ಲವೋ ಎಂದಿರಿ. ಹೊಸ ಅರ್ಜಿಗಳು ರೂಢಿಯಂತೆ ಸೋಮವಾರ, ಶುಕ್ರವಾರ ಬರುತ್ತವೆ. ಕೋರ್ಟು ಕೂರುವುದು ಹತ್ತೂವರೆಯಿಂದ ಒಂದು, ಎರಡರಿಂದ ನಾಲ್ಕು. ಒಟ್ಟು 270 ನಿಮಿಷ. ಒಂದು ಪೀಠದ ಮುಂದೆ 60 ಅರ್ಜಿ ಎಂದು ಹಿಡಿದರೆ ತಲಾ ನಾಲ್ಕೂವರೆ ನಿಮಿಷ. ಇಷ್ಟು ಹೊತ್ತಿನಲ್ಲಿ ಕೂತಲ್ಲೇ ಓದಿ ನಿರ್ಧರಿಸಲು ಆಗುವುದಿಲ್ಲ. ಫೈಲು ಮೊದಲೇ ಪೀಠದ ಇಬ್ಬರೂ ನ್ಯಾಯಮೂರ್ತಿಗಳ ಕೈ ಸೇರಿರುತ್ತದೆ, ಅವರು ಒಂದು ಅಭಿಪ್ರಾಯ ಕಟ್ಟಿಕೊಂಡೇ ಬಂದು ಕೂರುತ್ತಾರೆ. ಎರಡು ನಿಮಿಷದಲ್ಲಿ ನಿಮ್ಮ ವಕೀಲರ ಕೆಲಸ ಆ ಅಭಿಪ್ರಾಯವನ್ನು ಅಲುಗಾಡಿಸುವುದು. ಅಂದರೆ ಆಯ್ಕೆ ನಡೆಯುವುದು ಬಹುಮಟ್ಟಿಗೆ ಕಾಗದದ ಮೇಲೆ.

ಆ ಕಾಗದದ ಕಟ್ಟನ್ನೇ ಬಿಚ್ಚಿ ನೋಡೋಣ. ನಿಮ್ಮಲ್ಲಿ ಪೇಪರ್ ಬುಕ್‌ನ ಪ್ರತಿ ಇದ್ದರೆ ಕೈಗೆತ್ತಿಕೊಳ್ಳಿ. ಮೊದಲ ಪುಟಗಳಿಗೆ ಅಂಕಿ ಇರುವುದಿಲ್ಲ, ಇಂಗ್ಲಿಷ್ ಅಕ್ಷರ ಇರುತ್ತದೆ. ‘ಬಿ’ ಪುಟದಿಂದ ಸಾರಾಂಶ, ಅದರ ಹಿಂದೆ ತಾರೀಖುಗಳ ಪಟ್ಟಿ. 1ನೇ ಪುಟದಿಂದ ಹೈಕೋರ್ಟ್ ತೀರ್ಪು. ಆಮೇಲೆ ಅರ್ಜಿ. ಅದರ 2ನೇ ಪ್ಯಾರಾದಲ್ಲಿ ಕಾನೂನಿನ ಪ್ರಶ್ನೆಗಳು, 5ನೇ ಪ್ಯಾರಾದಲ್ಲಿ ಆಧಾರಗಳು. ಕೊನೆಗೆ ಪಿ-1, ಪಿ-2 ಎಂದು ಅನುಬಂಧಗಳು. ಹೊತ್ತು ಕಡಿಮೆ ಇರುವ ಓದುಗ ಸಾರಾಂಶ, ತಾರೀಖು, ತೀರ್ಪು ಇಷ್ಟನ್ನು ನೋಡುತ್ತಾನೆ. ಸಾರಾಂಶದ ಮೊದಲೆರಡು ಪುಟದಲ್ಲಿ ‘ಹೈಕೋರ್ಟು ಎಡವಿದ್ದು ಇಲ್ಲಿ’ ಎಂಬುದು ಕಾಣದೆ ಬರೀ ಮನೆತನದ ವಂಶಾವಳಿ ಇದ್ದರೆ, ಕೇಸು ಅಲ್ಲೇ ಅರ್ಧ ಮುಳುಗಿತು.

ನಮ್ಮ ಕಡೆಯ ಕೇಸುಗಳಿಗೆ ಇನ್ನೊಂದು ತೊಡಕಿದೆ, ಅದರ ಬಗ್ಗೆ ಯಾರೂ ಸಾಕಷ್ಟು ಮಾತಾಡುವುದಿಲ್ಲ. ಸಾಕ್ಷಿ ಹೇಳಿಕೆ, ಪಹಣಿ, ವಾಟ್ನಿ ಪತ್ರ (ಮನೆಯವರ ಪಾಲಿನ ಕಾಗದ) ಎಲ್ಲವೂ ಕನ್ನಡದಲ್ಲಿ. 348ನೇ ವಿಧಿಯಂತೆ ಸುಪ್ರೀಂ ಕೋರ್ಟಿನ ವ್ಯವಹಾರ ಇಂಗ್ಲಿಷಿನಲ್ಲಿ. ಅಧಿಕೃತ ಅನುವಾದ ತರಲು ಹೊತ್ತಿಲ್ಲವೆಂದು, ಅದರಿಂದ ವಿನಾಯಿತಿ ಕೋರುವ ಅರ್ಜಿಯನ್ನೂ ಜೊತೆಗೆ ಹಾಕಿ, ಕೈಗೆ ಸಿಕ್ಕವರಿಂದ ತರ್ಜುಮೆ ಮಾಡಿಸುವುದು ಅಲ್ಲಿಯ ದಿನನಿತ್ಯದ ರೂಢಿ. ವಾಟ್ನಿ ಪತ್ರವನ್ನೇ ನೋಡಿ. ಹಿಂದೆ ಬಾಯಿಮಾತಿನಲ್ಲಿ ಆಗಿಹೋದ ಪಾಲನ್ನು ನೆನಪಿಗಾಗಿ ಬರೆದಿಟ್ಟ ಕಾಗದಕ್ಕೆ ನೋಂದಣಿ ಬೇಕಿಲ್ಲ. ಕಾಗದದಿಂದಲೇ ಪಾಲಾದದ್ದಾದರೆ ನೋಂದಣಿ ಬೇಕು. ಮೂಲದಲ್ಲಿ ‘ಈ ಹಿಂದೆ ಪಾಲು ಮಾಡಿಕೊಂಡಿದ್ದು’ ಎಂದಿದ್ದದ್ದು ಅನುವಾದದಲ್ಲಿ ‘ಈ ಮೂಲಕ ಪಾಲು ಮಾಡಿಕೊಂಡೆವು’ ಎಂದಾದರೆ, ನೋಂದಣಿಯಾಗದ ಆ ಪತ್ರ ನಿರುಪಯೋಗಿ ಎಂದೇ ಓದಿದವರಿಗೆ ಅನ್ನಿಸುತ್ತದೆ. ದಿಲ್ಲಿಗೆ ಹೋಗುವವರು ಅನುವಾದವನ್ನು ಊರಿನ ವಕೀಲರಿಗೆ ತೋರಿಸಿ, ಸಾಲು ಸಾಲು ಮೂಲದೊಂದಿಗೆ ತಾಳೆ ನೋಡಿಸಿಯೇ ಸಹಿ ಹಾಕಬೇಕು.

ಇನ್ನು ಪೀಠದ ಕಣ್ಣು ಯಾವುದರ ಮೇಲೆ ನಿಲ್ಲುತ್ತದೆ? ಪಾಲಿನ ದಾವೆಗಳಿಂದಲೇ ಉದಾಹರಣೆ ಇದೆ. ಹಿಂದೂ ಉತ್ತರಾಧಿಕಾರ ಕಾಯಿದೆಯ ತಿದ್ದುಪಡಿಯಿಂದ 2005ರ ಸೆಪ್ಟೆಂಬರ್ 9ರಿಂದ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದ ಹಕ್ಕು ಬಂತು. ಆ ದಿನ ತಂದೆ ಬದುಕಿರಬೇಕೇ? ಬದುಕಿರಬೇಕು ಎಂದಿತು 2015ರ ಫುಲಾವತಿ ತೀರ್ಪು. 2001ರಲ್ಲೇ ತಂದೆ ತೀರಿಕೊಂಡಿದ್ದರೂ ಮಗಳಂದಿರಿಗೆ ಪಾಲು ಕೊಟ್ಟಿತು 2018ರ ದಾನಮ್ಮ ತೀರ್ಪು. ಎರಡೂ ನಮ್ಮ ಹೈಕೋರ್ಟಿನಿಂದ ಹೋದವು. ಎರಡೂ ಇಬ್ಬರು ನ್ಯಾಯಮೂರ್ತಿಗಳ ಪೀಠದ ತೀರ್ಪುಗಳು, ಒಂದಕ್ಕೊಂದು ಕೂಡಿಬರುತ್ತಿರಲಿಲ್ಲ. ಕೆಳಗಿನ ಕೋರ್ಟುಗಳು ಯಾವುದನ್ನು ಹಿಡಿಯಬೇಕು? ಕೊನೆಗೆ 2020ರ ಆಗಸ್ಟಿನಲ್ಲಿ ಮೂವರ ಪೀಠ ವಿನೀತಾ ಶರ್ಮಾ ಪ್ರಕರಣದಲ್ಲಿ, ತಂದೆ ಬದುಕಿರಬೇಕಿಲ್ಲ ಎಂದು ಬಗೆಹರಿಸಿತು. ಒಂದು ಮನೆಯ ಜಗಳದಲ್ಲಿ ಲಕ್ಷಾಂತರ ಮನೆಗಳ ಪ್ರಶ್ನೆ ಅಡಗಿದ್ದರೆ ಬಾಗಿಲು ತೆರೆಯುತ್ತದೆ. ಸುಪ್ರೀಂ ಕೋರ್ಟಿನದೇ ತೀರ್ಪನ್ನು ಹೈಕೋರ್ಟು ಕಡೆಗಣಿಸಿದ್ದರೆ, ಕಕ್ಷಿದಾರನ ಮಾತು ಕೇಳದೆ ಆದೇಶ ಮಾಡಿದ್ದರೆ, ಮಹತ್ವದ ಕಾನೂನಿನ ಪ್ರಶ್ನೆಯನ್ನು ರೂಪಿಸದೆಯೇ ಎರಡನೇ ಮೇಲ್ಮನವಿಯಲ್ಲಿ ಕೆಳಗಿನ ತೀರ್ಪನ್ನು ಬುಡಮೇಲು ಮಾಡಿದ್ದರೆ, ಆಗಲೂ ಅರ್ಜಿಯನ್ನು ಬಾಗಿಲಲ್ಲೇ ತಳ್ಳದೆ ಎದುರು ಪಕ್ಷಕ್ಕೆ ನೋಟಿಸ್ ಹೊರಡುವ ಸಂಭವ ಹೆಚ್ಚು.

ನಿಮ್ಮ ಪ್ರಕರಣದಲ್ಲಿ ಮೂರೂ ಕೋರ್ಟುಗಳು ಒಂದೇ ಮಾತು ಹೇಳಿವೆ: ಪಾಲು ಹಿಂದೆಯೇ ಆಗಿದೆ ಎಂದು. ಇದು ಏನು ನಡೆಯಿತೆಂಬ ಸಂಗತಿಯ ಪ್ರಶ್ನೆ, ಕಾನೂನಿನದಲ್ಲ. ಸಾಕ್ಷ್ಯವೇ ಇಲ್ಲದೆ ಹಾಗೆ ಹೇಳಿದ್ದಾರೆ ಎಂದು ತೋರಿಸಲಾಗದಿದ್ದರೆ ನಾಲ್ಕನೇ ಸಲ ಅದನ್ನು ತೂಗಲು ದಿಲ್ಲಿಯಲ್ಲಿ ಯಾರೂ ಒಪ್ಪುವುದಿಲ್ಲ. ನಿಮಗೆ ನೋವಾಗುವ ಮಾತೆಂದು ಗೊತ್ತು. ಆದರೂ ಹೇಳಲೇಬೇಕು, ಏಕೆಂದರೆ ಇದೇ ಸ್ಥಿತಿಯಲ್ಲಿರುವ ಬೇರೆ ಓದುಗರು ಈಗ ಹೊಲ ಒತ್ತೆಯಿಡಲು ಹೊರಟಿರಬಹುದು.

ಪತ್ರದ ವಿಚಾರ. ಪತ್ರವನ್ನೇ ಅರ್ಜಿಯಾಗಿ ಸ್ವೀಕರಿಸುವ ಪದ್ಧತಿ ನಿಜಕ್ಕೂ ಇದೆ. ಆದರೆ 1988ರ ಮಾರ್ಗಸೂಚಿಯಂತೆ ಅದು ಜೀತ, ಜೈಲಿನಲ್ಲಿರುವವರ ದೂರು, ಕನಿಷ್ಠ ಕೂಲಿ, ಪರಿಶಿಷ್ಟರ ಮೇಲಿನ ದೌರ್ಜನ್ಯ, ಪರಿಸರದಂಥ ವಿಷಯಗಳಿಗೆ. ಖಾಸಗಿ ಜಮೀನಿನ ತಂಟೆಗೆ ನಡೆಯದು.

ಒಂದು ವಿಷಯದಲ್ಲಿ ನಾವು ಪೂರ್ತಿ ನಿಮ್ಮ ಪಕ್ಷ. ಕಾರಣ ಹೇಳದೆ ಕಳಿಸುವುದು ಸರಿಯಲ್ಲ. ಅಮೆರಿಕದ ಸುಪ್ರೀಂ ಕೋರ್ಟೂ ಕಾರಣ ಹೇಳದೆಯೇ ಅರ್ಜಿ ತಿರಸ್ಕರಿಸುತ್ತದೆ ನಿಜ. ಅಲ್ಲಿ ಒಂಬತ್ತು ಜನ ಒಟ್ಟಿಗೆ ಕೂತು, ನಾಲ್ವರು ಬೇಕೆಂದರೆ ಮಾತ್ರ ಕೇಸು ತೆಗೆದುಕೊಳ್ಳುತ್ತಾರೆ. ಒಂದೇ ಅಳತೆಗೋಲು. ನಮ್ಮಲ್ಲಿ ಮಂಜೂರಾದ ಹುದ್ದೆ 2019ರಿಂದ 34, ಕೂರುವುದು ಇಬ್ಬಿಬ್ಬರ ಪೀಠ. ಒಂದು ಪೀಠ ತಳ್ಳಿಹಾಕುವಂಥದ್ದಕ್ಕೆ ಪಕ್ಕದ ಪೀಠ ನೋಟಿಸ್ ಕೊಡಬಹುದು. ಹೀಗಿರುವಾಗ ‘ಸಂಗತಿಯ ಪ್ರಶ್ನೆ’, ‘ವಿಳಂಬ’ ಎಂದು ಒಂದು ಪದವನ್ನಾದರೂ ಆದೇಶದಲ್ಲಿ ಬರೆದರೆ ಕಕ್ಷಿದಾರನಿಗೆ ತಾನು ಎಲ್ಲಿ ನಿಂತಿದ್ದೇನೆಂದು ತಿಳಿದೀತು.

ಆದೇಶದಲ್ಲಿ ಕಾರಣ ಬರೆಯದಿದ್ದರೆ ನಿಮಗೊಂದು ಅನುಕೂಲವೂ ಉಳಿಯುತ್ತದೆ. ಕಾರಣವಿಲ್ಲದ ವಜಾದಲ್ಲಿ ಹೈಕೋರ್ಟ್ ತೀರ್ಪು ಸುಪ್ರೀಂ ಕೋರ್ಟ್ ಆದೇಶದಲ್ಲಿ ವಿಲೀನವಾಗುವುದಿಲ್ಲ, ಅಂದರೆ ಅದು ಹೈಕೋರ್ಟಿನ ತೀರ್ಪಾಗಿಯೇ ಉಳಿಯುತ್ತದೆ; ಹಾಗಾಗಿ ಹೈಕೋರ್ಟಿನಲ್ಲಿ ಮರುಪರಿಶೀಲನೆ ಕೋರಬಹುದು. 2000ದ ಕುಂಞಯಮ್ಮದ್ ತೀರ್ಪು ಹೀಗೆಂದಿತು. 2019ರಲ್ಲಿ ಖೋಡೆ ಡಿಸ್ಟಿಲರೀಸ್ ಮತ್ತು ಶ್ರೀ ಮಹದೇಶ್ವರ ಸಹಕಾರ ಸಕ್ಕರೆ ಕಾರ್ಖಾನೆಯ ನಡುವಿನ ಪ್ರಕರಣದಲ್ಲಿ ಮೂವರ ಪೀಠ ಅದನ್ನೇ ಗಟ್ಟಿ ಮಾಡಿತು. ಆದರೆ ಮರುಪರಿಶೀಲನೆಗೆ ಕಣ್ಣಿಗೆ ರಾಚುವ ತಪ್ಪು ಇರಬೇಕು, ಇಲ್ಲವೇ ಎಷ್ಟು ಹುಡುಕಿದರೂ ಆಗ ಸಿಗದೆ ಈಗ ಸಿಕ್ಕ ದಾಖಲೆ ಇರಬೇಕು. ಅದೇ ವಾದವನ್ನು ಮತ್ತೆ ಹೇಳಿದರೆ ನಡೆಯದು. ಅವಧಿ ಹೈಕೋರ್ಟ್ ತೀರ್ಪಿನಿಂದ 30 ದಿನ, ಅದು ನಿಮಗೆ ಮುಗಿದುಹೋಗಿದೆ. ದಿಲ್ಲಿಯಲ್ಲಿ ಕಳೆದ ದಿನಗಳ ಲೆಕ್ಕ ಕೊಟ್ಟು ವಿಳಂಬ ಮನ್ನಿಸಲು ಕೋರಬೇಕಾಗುತ್ತದೆ.

ಹಾಗಾಗಿ ಡೈರಿ ನಂಬರು (ಅರ್ಜಿ ಸಲ್ಲಿಸಿದಾಗ ಕೋರ್ಟು ಕೊಟ್ಟ ಸಂಖ್ಯೆ) ಹಾಕಿ ಸುಪ್ರೀಂ ಕೋರ್ಟ್ ವೆಬ್‌ಸೈಟಿನಿಂದ ಆ ಆದೇಶವನ್ನು ತೆಗೆಸಿ, ಕಾರಣ ಏನಾದರೂ ಬರೆದಿದ್ದಾರೆಯೇ ನೋಡಿ. ಆದೇಶ, ಧಾರವಾಡದ ತೀರ್ಪು, ವಾಟ್ನಿ ಪತ್ರದ ಮೂಲ ಮತ್ತು ಅನುವಾದ ಇವಿಷ್ಟನ್ನು ಹಿಡಿದು, ಈ ಕೇಸಿನಲ್ಲಿ ಇದುವರೆಗೆ ವಾದಿಸದ ವಕೀಲರೊಬ್ಬರ ಬಳಿ ಈ ವಾರವೇ ಹೋಗಿ. ನಿಮ್ಮ ಜೊತೆಗಿನ ಅರ್ಜಿದಾರರಲ್ಲಿ ಅಕ್ಕತಂಗಿಯರಿದ್ದರೆ ಅವರಿಗೆ ಆದಾಯದ ಮಿತಿಯಿಲ್ಲದೆ ಕಾನೂನು ನೆರವು ಸಿಗುತ್ತದೆ. ಧಾರವಾಡದಲ್ಲೇ ಹೈಕೋರ್ಟ್ ಕಾನೂನು ಸೇವಾ ಸಮಿತಿಯನ್ನು ವಿಚಾರಿಸಿ.

— ಸಂಪಾದಕರು