ದಾರದ ಈಚೆ ತುದಿಯನ್ನು ಮೊದಲು ನೋಡಿ

ಡಲ್ಲಾಸ್‌ಗೆ ಬಂದು ಎಂಟು ತಿಂಗಳಾಯಿತು, ಬಾಸ್ ಎಂಬ ಸಿಹಿನೀರಿನ ಮೀನು ಹಿಡಿಯಲು ಕಲಿಯಬೇಕು, ಕೈಯಲ್ಲಿ 600 ಡಾಲರ್ ಇದೆ ಎಂದಿದ್ದೀರಿ. ದಾರ ಸುತ್ತುವ ರೀಲುಗಳಿಗೆ 350, ಮೂರು ಕೋಲುಗಳಿಗೆ 220, ದಾರಕ್ಕೆ ಉಳಿದ 30 ಎಂಬ ನಿಮ್ಮ ಲೆಕ್ಕ ಓದಿದ ಕೂಡಲೇ ಉತ್ತರ ಬರೆಯಲು ಕುಳಿತೆ. ಒಂಬತ್ತು ವರ್ಷದ ಹಿಂದೆ ನನ್ನ ಚೀಟಿಯಲ್ಲೂ ಹೆಚ್ಚುಕಡಿಮೆ ಇದೇ ಲೆಕ್ಕವಿತ್ತು.

ನಾನು ಹೊಸನಗರದ ಕಡೆಯವನು. ಶರಾವತಿ ಹಿನ್ನೀರಿನ ದಡದಲ್ಲಿ ಬಿದಿರಿನ ಕೋಲು ಹಿಡಿದು ಬೆಳೆದವನು. ಆ ಕೋಲಿಗೆ ರೀಲ್ ಇರಲಿಲ್ಲ. ನೈಲಾನ್ ದಾರದ ಒಂದು ತುದಿಗೆ ಗಾಳ, ಇನ್ನೊಂದು ತುದಿಯನ್ನು ಕೋಲಿನ ತಲೆಗೆ ಬಿಗಿದರೆ ಮುಗಿಯಿತು. ಗಾಳದ ಗಂಟನ್ನು ದಿನಕ್ಕೆ ಹತ್ತು ಸಲ ನೋಡುತ್ತಿದ್ದೆವು. ಆ ಇನ್ನೊಂದು ತುದಿಯ ಕಡೆ ಕಣ್ಣು ಹಾಯಿಸುವ ಪ್ರಮೇಯವೇ ಬರುತ್ತಿರಲಿಲ್ಲ. ಈ ಅಭ್ಯಾಸವನ್ನೇ ನಾನು ಟೆಕ್ಸಸ್‌ಗೂ ಹೊತ್ತು ತಂದಿದ್ದೆ.

ಮೊದಲ ಸಲ ಲೇಕ್ ಫೋರ್ಕ್‌ಗೆ ಹೋದದ್ದು ಒಂದು ಫೆಬ್ರವರಿಯಲ್ಲಿ. ಡಲ್ಲಾಸ್‌ನಿಂದ ಪೂರ್ವಕ್ಕೆ ಒಂದೂವರೆ ತಾಸಿನ ದಾರಿ, ಸುಮಾರು 27,000 ಎಕರೆಯ ಜಲಾಶಯ. 1980ರಲ್ಲಿ ನೀರು ತುಂಬಿಸುವಾಗ ಎಷ್ಟೋ ಮರಗಳನ್ನು ಕಡಿಯದೆ ಹಾಗೆಯೇ ಬಿಟ್ಟಿದ್ದರು. ಅವು ಇವತ್ತಿಗೂ ನೀರಿನ ನಡುವೆ ಬೋಳಾಗಿ ನಿಂತಿವೆ. ಬೇಸಿಗೆಯಲ್ಲಿ ಲಿಂಗನಮಕ್ಕಿಯ ನೀರು ಇಳಿದಾಗ ಮೇಲೇಳುವ ಬೊಡ್ಡೆಗಳನ್ನು ನೋಡಿದ ಯಾರಿಗೇ ಆದರೂ ಆ ದೃಶ್ಯ ಕಂಡರೆ ಗಂಟಲು ಕಟ್ಟುತ್ತದೆ. ದೊಡ್ಡ ಬಾಯಿಯ ಬಾಸ್ ಅಡಗಿ ಕೂರುವುದು ಆ ಮರಗಳ ಬುಡದಲ್ಲಿಯೇ.

ಆಗ ನನ್ನ ಬಳಿ ಇದ್ದದ್ದು 240 ಡಾಲರಿನ ಸ್ಪಿನ್ನಿಂಗ್ ರೀಲ್ (ಎಸೆಯುವಾಗ ಸ್ಪೂಲ್ ತಿರುಗದ ಬಗೆಯದು) ಮತ್ತು ಅದಕ್ಕೆ ಸುತ್ತಿದ 15 ಪೌಂಡಿನ, ಅಂದರೆ ಅಷ್ಟು ಭಾರ ತಾಳುವ, ಬ್ರೇಡ್ ಎಂಬ ಹೆಣೆದ ದಾರ. ಸ್ಪೂಲ್ ಎಂದರೆ ದಾರ ಸುತ್ತಿಕೊಳ್ಳುವ ಉರುಳೆ. ಒಳ್ಳೆಯ ದಾರವೇ, ಅದರಲ್ಲಿ ದೋಷವಿರಲಿಲ್ಲ. ಸಣ್ಣ ಮೀನು ಸಿಕ್ಕಾಗ ಎಲ್ಲವೂ ಸರಿಯಾಗಿತ್ತು. ಮೂರು ಪೌಂಡಿನದೊಂದು ಕಚ್ಚಿದಾಗ ಮಾತ್ರ ವಿಚಿತ್ರವೆನಿಸಿತು. ನಾನು ಹಿಡಿ ತಿರುಗಿಸುತ್ತಿದ್ದೇನೆ, ದಾರ ಒಳಗೆ ಬರುತ್ತಿಲ್ಲ. ಡ್ರ್ಯಾಗ್, ಅಂದರೆ ಸ್ಪೂಲನ್ನು ಹಿಡಿದಿಡುವ ಬ್ರೇಕ್, ಸಡಿಲವಾಗಿದೆ ಎಂದುಕೊಂಡು ಮೇಲಿನ ತಿರುಪನ್ನು ಬಿಗಿ ಮಾಡಿದೆ. ಆದರೂ ಅಷ್ಟೇ. ಆ ಮೀನು ಹೇಗೋ ಕೈಗೆ ಬಂತು. ಮರುದಿನ ರೀಲನ್ನು ಅಂಗಡಿಗೆ ಒಯ್ದೆ. ಡ್ರ್ಯಾಗ್ ವಾಷರುಗಳನ್ನು ಬದಲಾಯಿಸಿ 40 ಡಾಲರ್ ತೆಗೆದುಕೊಂಡರು. ಮುಂದಿನ ವಾರ ಮತ್ತೆ ಅದೇ ತೊಂದರೆ. ಈ ರೀಲೇ ಕೆಟ್ಟದ್ದು ಎಂದು ತೀರ್ಮಾನಿಸಿ 380 ಡಾಲರಿನ ಇನ್ನೊಂದನ್ನು ಕೊಂಡೆ. ಅದೇ ಬ್ರೇಡನ್ನು ಹಳೆಯದರಿಂದ ಬಿಚ್ಚಿ, ಹಳೆಯ ರೀತಿಯಲ್ಲಿಯೇ ಹೊಸದಕ್ಕೆ ಸುತ್ತಿದೆ. ಸ್ಪೂಲಿನ ನಡುವಿಗೆ ಒಂದು ಗಂಟು ಹಾಕಿ, ಅದರ ಮೇಲೆ ಸುತ್ತುತ್ತಾ ಹೋದೆ.

ಮಾರ್ಚ್ ಕೊನೆಯ ವಾರ. ಮೊಟ್ಟೆ ಇಡಲು ಬಾಸ್‌ಗಳು ದಡದ ಹತ್ತಿರ ಬರುವ ಹೊತ್ತು. ಸಹೋದ್ಯೋಗಿಯೊಬ್ಬರ ಮಾವ, ಎಪ್ಪತ್ತು ದಾಟಿದ ಹಿರಿಯರು, ತಮ್ಮ ದೋಣಿಯಲ್ಲಿ ನನ್ನನ್ನು ಕೂರಿಸಿಕೊಂಡಿದ್ದರು. ಬೆಳಗಿನ ಎಂಟು ಗಂಟೆಯಿರಬೇಕು. ಒಂದು ಒಣಮರದ ಪಕ್ಕಕ್ಕೆ ರಬ್ಬರ್ ಹುಳವನ್ನು ಎಸೆದೆ. ದಾರ ಒಂದೇ ಒಂದು ಸಲ ತುಡಿಯಿತು, ಆಮೇಲೆ ಮೆಲ್ಲಗೆ ಪಕ್ಕಕ್ಕೆ ಸರಿಯತೊಡಗಿತು. ಕೋಲನ್ನು ಹಿಂದಕ್ಕೆಳೆದೆ. ನೀರು ಸೀಳಿಕೊಂಡು ಎದ್ದ ಆ ಮೀನಿನ ಬಾಯಿ ನನ್ನ ಎರಡು ಮುಷ್ಟಿ ಹಿಡಿಸುವಷ್ಟಿತ್ತು. ದೋಣಿಯಲ್ಲಿದ್ದ ಹಿರಿಯರು ಎದ್ದು ನಿಂತರು. ಮೀನು ತಿರುಗಿ ಮರದ ಕಡೆ ಓಡಿತು. ನಾನು ಹಿಡಿ ತಿರುಗಿಸುತ್ತಲೇ ಇದ್ದೆ, ದಾರ ಹೋಗುತ್ತಲೇ ಇತ್ತು. ಡ್ರ್ಯಾಗನ್ನು ಕೊನೆಯವರೆಗೂ ಬಿಗಿದಿದ್ದೆ, ಆದರೂ ಹೋಗುತ್ತಲೇ ಇತ್ತು. ಮರದ ಬುಡಕ್ಕೆ ಒಂದು ಸುತ್ತು ಹಾಕಿ ಕೊಕ್ಕೆಯನ್ನು ಉಗುಳಿ ಹೋಯಿತು.

ಹಿರಿಯರು ಸಮಾಧಾನದ ಮಾತೇನೂ ಆಡಲಿಲ್ಲ. 'ರೀಲ್ ಸದ್ದು ಮಾಡಲಿಲ್ಲವಲ್ಲ' ಎಂದರು. ರೀಲನ್ನು ಕೈಗೆ ತೆಗೆದುಕೊಂಡು, ಸ್ಪೂಲನ್ನು ಒಂದು ಕೈಯಲ್ಲಿ ಬಿಗಿಯಾಗಿ ಹಿಡಿದು, ಅದರ ಮೇಲೆ ಸುತ್ತಿದ್ದ ದಾರದ ಮೇಲೆ ಹೆಬ್ಬೆರಳನ್ನಿಟ್ಟು ತಿರುವಿದರು. ನೂರೈವತ್ತು ಗಜದ ದಾರದ ಇಡೀ ಮುದ್ದೆ, ಸಡಿಲವಾದ ಬಳೆ ಮುಂಗೈಯಲ್ಲಿ ತಿರುಗುವಂತೆ, ಸ್ಪೂಲಿನ ಸುತ್ತ ನುಣ್ಣಗೆ ತಿರುಗಿತು.

ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು, ಯಾಕೆಂದರೆ ಹೊಸಬರಿಗೆ ಯಾರೂ ಇದನ್ನು ಹೇಳುವುದಿಲ್ಲ. ಬ್ರೇಡ್ ಎಂದರೆ ಪಾಲಿಥಿಲೀನಿನ ಸಣ್ಣ ಎಳೆಗಳನ್ನು ಹೆಣೆದು ಮಾಡಿದ ದಾರ. ಅದು ತೆಳ್ಳಗಿದ್ದೂ ಬಹಳ ಗಟ್ಟಿ, ಹಿಗ್ಗುವುದಿಲ್ಲ. ಇವೆಲ್ಲ ಒಳ್ಳೆಯ ಗುಣಗಳೇ. ಆದರೆ ಅದರ ಮೈ ಜಾರುತ್ತದೆ. ಸ್ಪೂಲಿನ ಲೋಹವೂ ನುಣುಪು. ಒಂಟಿ ಎಳೆಯ ನೈಲಾನ್ ದಾರವಾದರೆ, ಅಂದರೆ ಮೊನೊಫಿಲಮೆಂಟ್ ಆದರೆ, ಸುತ್ತುವಾಗ ತುಸು ಹಿಗ್ಗಿ ಆಮೇಲೆ ಕುಗ್ಗುತ್ತದೆ. ಕುಗ್ಗುವಾಗ ಸ್ಪೂಲಿನ ನಡುವನ್ನು ಅಪ್ಪಿ ಹಿಡಿಯುತ್ತದೆ. ಬ್ರೇಡಿಗೆ ಹಿಗ್ಗುವ ಗುಣವೇ ಇಲ್ಲದ್ದರಿಂದ ಅಪ್ಪುವ ಶಕ್ತಿಯೂ ಇಲ್ಲ. ಗಂಟು ಎಷ್ಟೇ ಗಟ್ಟಿಯಾಗಿರಲಿ, ಗಂಟಿನ ಸಮೇತ ಇಡೀ ದಾರ ಸ್ಪೂಲಿನ ಮೇಲೆ ಜಾರಿ ತಿರುಗುತ್ತದೆ. ಡ್ರ್ಯಾಗ್ ಹಿಡಿದಿಡುವುದು ಸ್ಪೂಲನ್ನು ಮಾತ್ರ. ದಾರವೇ ಸ್ಪೂಲಿನ ಮೇಲೆ ಜಾರುತ್ತಿರುವಾಗ ಡ್ರ್ಯಾಗನ್ನು ಬಿಗಿದು ಫಲವೇನು? ಡ್ರ್ಯಾಗ್ ನಿಜವಾಗಿ ಬಿಟ್ಟುಕೊಡುವಾಗ ಸ್ಪೂಲ್ ತಿರುಗಿ ಕಟಕಟ ಸದ್ದಾಗುತ್ತದೆ. ದಾರ ಜಾರುವಾಗ ಸ್ಪೂಲ್ ಅಲುಗುವುದಿಲ್ಲ, ಸದ್ದೂ ಇರುವುದಿಲ್ಲ. ಎರಡು ತಿಂಗಳು ಆ ಮೌನ ನನ್ನ ಕಿವಿಯ ಹತ್ತಿರವೇ ಇತ್ತು. ನಾನು ಗಮನಿಸಿರಲಿಲ್ಲ.

ಪರಿಹಾರಕ್ಕೆ ಖರ್ಚೇ ಇಲ್ಲ. ಮೊದಲು ನಾಲ್ಕೈದು ಮೀಟರ್ ಅಗ್ಗದ ಮೊನೊಫಿಲಮೆಂಟನ್ನು ಸ್ಪೂಲಿಗೆ ಕಟ್ಟಿ ಬಿಗಿಯಾಗಿ ಸುತ್ತಿ, ಅದರ ತುದಿಗೆ ಡಬಲ್ ಯೂನಿ ಗಂಟಿನಿಂದ ಬ್ರೇಡನ್ನು ಸೇರಿಸಿ. ಅದೂ ಬೇಡವೆಂದರೆ ವಿದ್ಯುತ್ ತಂತಿಗೆ ಸುತ್ತುವ ಟೇಪಿನ ಒಂದು ತುಂಡನ್ನು ಗಂಟಿನ ಮೇಲೆ ಅಂಟಿಸಿ, ಆಮೇಲೆ ಸುತ್ತಿ. ಕೆಲವು ರೀಲುಗಳ ಸ್ಪೂಲಿನಲ್ಲಿ ಇದಕ್ಕೆಂದೇ ರಬ್ಬರ್ ಪಟ್ಟಿ ಇರುತ್ತದೆ, ಅಂಥದ್ದಾದರೆ ಬ್ರೇಡನ್ನು ನೇರವಾಗಿ ಕಟ್ಟಬಹುದು. ಒದ್ದೆ ಬಟ್ಟೆಯಲ್ಲಿ ದಾರವನ್ನು ಅದುಮಿ ಹಿಡಿದು ಬಿಗಿಯಾಗಿ ಸುತ್ತಬೇಕು. ಅಂಚಿನಿಂದ ಮೂರು ಮಿಲಿಮೀಟರ್ ಕೆಳಗೆ ನಿಲ್ಲಿಸಿ. ಪೂರ್ತಿ ತುಂಬಿದರೆ ಎಸೆಯುವಾಗ ಸುರುಳಿ ಸುರುಳಿಯಾಗಿ ಕಳಚಿ ಬಂದು ಗೋಜಲಾಗುತ್ತದೆ.

ಇನ್ನು ನಿಮ್ಮ ಪ್ರಶ್ನೆ. ಮೂರು ಕೋಲು ಬೇಕೋ ಎರಡು ಸಾಕೋ ಎಂದು ಕೇಳಿದ್ದೀರಿ. ಒಂದೇ ಸಾಕು. ದುಡ್ಡಿನ ದೊಡ್ಡ ಪಾಲು ರೀಲಿಗೆ ಹೋಗಬೇಕು ಎಂಬ ಮಾತನ್ನಂತೂ ನಾನು ಒಪ್ಪುವುದೇ ಇಲ್ಲ. ಟೆಕ್ಸಸ್‌ನ ದಾಖಲೆಯ ಬಾಸ್ ಇದೇ ಲೇಕ್ ಫೋರ್ಕ್‌ನಲ್ಲಿ 1992ರ ಜನವರಿಯಲ್ಲಿ ಸಿಕ್ಕಿತು. ತೂಕ 18.18 ಪೌಂಡ್, ಅಂದರೆ ಎಂಟು ಕಿಲೋ ದಾಟಿದ ಮೀನು. ಅದನ್ನು ಹಿಡಿದ ಬ್ಯಾರಿ ಸೇಂಟ್ ಕ್ಲೇರ್ ಆ ದಿನ ಬಾಸ್ ಹಿಡಿಯಲು ಹೋದವರೇ ಅಲ್ಲ. ಕ್ರ್ಯಾಪಿ ಎಂಬ ಸಣ್ಣ ಮೀನಿಗಾಗಿ ಗಾಳ ಇಳಿಬಿಟ್ಟಿದ್ದರು. ಅದಕ್ಕೂ ಹಿಂದಿನ ಮಾತು ಬೇಕೆಂದರೆ, ಜಾರ್ಜ್ ಪೆರಿ ಜಾರ್ಜಿಯಾದಲ್ಲಿ 22 ಪೌಂಡ್ 4 ಔನ್ಸಿನ ವಿಶ್ವದಾಖಲೆಯ ಬಾಸ್ ಹಿಡಿದದ್ದು 1932ರ ಜೂನ್ 2ರಂದು. ಆಗ ನೈಲಾನ್ ದಾರ ಕೂಡ ಇರಲಿಲ್ಲ, ಆ ವಸ್ತುವನ್ನು ಜಗತ್ತಿಗೆ ಪ್ರಕಟಿಸಿದ್ದೇ 1938ರಲ್ಲಿ. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿಟಾ ಆ ದಾಖಲೆಯನ್ನು ಸರಿಗಟ್ಟುವವರೆಗೆ ಪೆರಿಯ ಪಕ್ಕಕ್ಕೆ ಯಾರೂ ಬಂದು ನಿಂತಿರಲಿಲ್ಲ.

ಹಾಗಾಗಿ ಏಳು ಅಡಿಯ, ಮೀಡಿಯಂ ಬಲದ, ತುದಿ ಮಾತ್ರ ಬಾಗುವ ಫಾಸ್ಟ್ ಆಕ್ಷನ್ ಸ್ಪಿನ್ನಿಂಗ್ ಕೋಲು ಒಂದನ್ನು ಕೊಳ್ಳಿ. ನೂರು ಡಾಲರಿನ ಆಸುಪಾಸಿನದು ಸಾಕು. ಹಿಡಿಯ ಮೇಲ್ಭಾಗದಲ್ಲಿ ಎಷ್ಟು ಪೌಂಡಿನ ದಾರ, ಎಷ್ಟು ಔನ್ಸಿನ ಎರೆ ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಅಂಗಡಿಯವರ ಮಾತಿಗಿಂತ ಆ ಬರಹವನ್ನು ನಂಬಿ. ಅದಕ್ಕೆ 2500 ಅಳತೆಯ, ಅಂದರೆ ಮಧ್ಯಮ ಗಾತ್ರದ, ಸ್ಪಿನ್ನಿಂಗ್ ರೀಲ್, ಅದೂ ನೂರರ ಒಳಗೆ. ದಾರದಲ್ಲಿ ಮಾತ್ರ ಕೈ ಬಿಗಿ ಹಿಡಿಯಬೇಡಿ. 10ರಿಂದ 15 ಪೌಂಡಿನ ಬ್ರೇಡ್, ಅದರ ಮುಂದೆ ಒಂದೂವರೆ ಮೀಟರ್ ಉದ್ದದ 8 ಅಥವಾ 10 ಪೌಂಡಿನ ಫ್ಲೋರೋಕಾರ್ಬನ್ ಎಂಬ ಇನ್ನೊಂದು ಬಗೆಯ ದಾರ. ಫ್ಲೋರೋಕಾರ್ಬನ್ ನೀರಿನಲ್ಲಿ ಕಣ್ಣಿಗೆ ಕಾಣುವುದು ಕಡಿಮೆ, ಮರಕ್ಕೆ ಉಜ್ಜಿದರೂ ಬೇಗ ಸವೆಯುವುದಿಲ್ಲ. ಕೊಕ್ಕೆಗೆ ಪಾಲೋಮರ್ ಗಂಟು ಹಾಕಿ. ಎಳೆದು ಬಿಗಿಯುವ ಮುನ್ನ ನಾಲಿಗೆಯಿಂದ ಒದ್ದೆ ಮಾಡಿ, ಒಣಗಿದ್ದಾಗ ಎಳೆದರೆ ತಿಕ್ಕಾಟದ ಬಿಸಿಗೆ ದಾರ ಬಲ ಕಳೆದುಕೊಳ್ಳುತ್ತದೆ.

ಬೇಟ್‌ಕಾಸ್ಟಿಂಗ್ ರೀಲ್ ಬೇಕೆಂಬ ಆಸೆ ನಿಮ್ಮ ಪ್ರಶ್ನೆಯಲ್ಲಿ ಎದ್ದು ಕಾಣುತ್ತದೆ. ಈ ವರ್ಷ ಬೇಡ. ಅದರಲ್ಲಿ ಎಸೆಯುವಾಗ ಸ್ಪೂಲೇ ತಿರುಗುತ್ತದೆ. ಎರೆ ಹೋಗುವ ವೇಗಕ್ಕಿಂತ ಸ್ಪೂಲ್ ಹೆಚ್ಚು ತಿರುಗಿದರೆ ದಾರ ಹಕ್ಕಿಗೂಡಿನಂತೆ ಸಿಕ್ಕಾಗುತ್ತದೆ, ಅದನ್ನು ತಡೆಯುವ ಹದ ಹೆಬ್ಬೆರಳಿಗೆ ಬರಲು ತಿಂಗಳುಗಳು ಬೇಕು. ಒಂದು ಋತು ಮುಗಿದ ಮೇಲೂ ದಟ್ಟ ಕಳೆ, ಮರಗಳ ನಡುವೆ ಹೋಗುವ ಮನಸ್ಸಿದ್ದರೆ ಆಗ ಇನ್ನೂ ಬಲವಾದ ಮೀಡಿಯಂ ಹೆವಿ ಕೋಲಿನ ಜೊತೆ ಅದನ್ನು ಕೊಳ್ಳಿ.

ಉಳಿದ ದುಡ್ಡಿನಲ್ಲಿ ಪರವಾನಗಿ ಮಾಡಿಸಿ, ಪೆಟ್ರೋಲ್ ಹಾಕಿಸಿ, ಹೆಚ್ಚು ಸಲ ಕೆರೆಗೆ ಹೋಗಿ. ಹನ್ನೊಂದು ವರ್ಷದ ಮಗನೂ ಬರುತ್ತಾನೆ ಎಂದಿದ್ದೀರಿ. ಟೆಕ್ಸಸ್‌ನಲ್ಲಿ 17 ತುಂಬದವರಿಗೆ ಪರವಾನಗಿ ಬೇಕಿಲ್ಲ. ಲೇಕ್ ಫೋರ್ಕ್‌ಗೆ ಹೋದರೆ ಅಳತೆಪಟ್ಟಿ ಜೊತೆಗಿರಲಿ. ಅಲ್ಲಿ 16ರಿಂದ 24 ಇಂಚಿನ ನಡುವಿನ ಬಾಸ್‌ಗಳನ್ನು ಹಿಡಿದ ಕೂಡಲೇ ನೀರಿಗೆ ಬಿಡಬೇಕು. ಆ ಕೆರೆಯಲ್ಲಿ ಅಷ್ಟು ದೊಡ್ಡ ಮೀನುಗಳು ಉಳಿದಿರುವುದಕ್ಕೆ ಈ ನಿಯಮವೂ ಒಂದು ಕಾರಣ ಎಂಬುದು ನನ್ನ ಗಟ್ಟಿ ನಂಬಿಕೆ, ದಯವಿಟ್ಟು ಪಾಲಿಸಿ.

ರೀಲ್ ತಂದ ದಿನವೇ ಒಂದು ಕೆಲಸ ಮಾಡಿ. ದಾರ ಸುತ್ತಿ ಮುಗಿದ ಮೇಲೆ ಅದರ ತುದಿಯನ್ನು ಗೇಟಿಗೋ ಕಂಬಕ್ಕೋ ಕಟ್ಟಿ. ಡ್ರ್ಯಾಗನ್ನು ಪೂರ್ತಿ ಬಿಗಿದು, ಕೋಲನ್ನು ಕಂಬದ ಕಡೆಗೇ ನೇರವಾಗಿ ಹಿಡಿದು, ಮೆಲ್ಲಗೆ ಭಾರ ಹಾಕುತ್ತಾ ಹಿಂದಕ್ಕೆ ನಡೆಯಿರಿ. ಮಗನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಸ್ಪೂಲ್ ನಿಂತಿದ್ದು ದಾರ ಮಾತ್ರ ಸರಿಯುತ್ತಿದೆಯೇ ನೋಡು ಎಂದು ಹೇಳಿ. ಆಮೇಲೆ ಡ್ರ್ಯಾಗನ್ನು ಅರ್ಧ ಸಡಿಲಿಸಿ ಮತ್ತೆ ಎಳೆಯಿರಿ, ಈಗ ಕಟಕಟ ಸದ್ದು ಕೇಳಬೇಕು. ಕೇಳದಿದ್ದರೆ ರೀಲನ್ನು ವಾಪಸ್ ಮಾಡಲು ಹೋಗಬೇಡಿ, ಮೊದಲು ದಾರವನ್ನು ಪೂರ್ತಿ ಬಿಚ್ಚಿ ತಳದಲ್ಲಿ ಏನಿದೆ ಎಂದು ನೋಡಿ. ಏನು ಕಂಡಿತೆಂದು ಇಲ್ಲಿಯೇ ಬರೆದರೆ ಖಂಡಿತ ಉತ್ತರಿಸುತ್ತೇನೆ.